ಐಡಿ ಕಾರ್ಡಿಗೆ ಯಾವ ನಂಬರ್ ಹಾಕೋದು? ನಾವು ಮಾಡಿದ್ದು ಹೀಗೆ

2002ರ ಸುಮಾರಿಗೆ ನಾನು ಮೈಸೂರು ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಆಗ ಐಡಿ ಕಾರ್ಡ್ ಅಂದರೆ ದಪ್ಪ ಕಾಗದ, ಅದಕ್ಕೆ ಅಂಟಿಸಿದ ಸ್ಟ್ಯಾಂಪ್ ಸೈಜ್ ಫೋಟೋ, ಅರ್ಧ ಫೋಟೋ ಮೇಲೆ ಅರ್ಧ ಕಾಗದದ ಮೇಲೆ ಬೀಳುವ ಹಾಗೆ ಒತ್ತಿದ ಸೀಲು, ಮೇಲೊಂದು ಲ್ಯಾಮಿನೇಷನ್. ಒಂದು ಮಳೆಗಾಲ ಕಳೆದರೆ ಅಂಚು ಬಿಟ್ಟುಕೊಳ್ಳುತ್ತಿತ್ತು. ಲೈಬ್ರರಿಗೆ ಬೇರೆ ಕಾರ್ಡು, ಮೆಸ್ಸಿಗೆ ಬೇರೆ ಕೂಪನ್ನು, ಕಾಲೇಜು ಬಸ್ಸಿಗೆ ಬೇರೆ ಪಾಸು. ಇದನ್ನೆಲ್ಲ ಒಂದೇ ಪ್ಲಾಸ್ಟಿಕ್ ಕಾರ್ಡಿಗೆ ತರಬೇಕು, ಬಾರ್‌ಕೋಡ್ ಹಾಕಿ ಕಂಪ್ಯೂಟರ್ ಓದುವ ಹಾಗಿರಬೇಕು ಅಂತ ತೀರ್ಮಾನ ಆಯಿತು. ಕೆಲಸ ನಮ್ಮ ತಲೆಗೆ ಬಂತು.

ಈಗಲೂ ಇಂಥ ಕೆಲಸಕ್ಕೆ ಇಳಿದವರು ಮೊದಲು ಕೇಳೋದು ಯಾವ ಪ್ರಿಂಟರ್, ಯಾವ ರೀಡರ್ ಅಂತ. ಅದೆಲ್ಲ ದುಡ್ಡು ಕೊಟ್ಟರೆ ಸಿಗುತ್ತದೆ. ಕಾರ್ಡಿನ ಮೇಲೆ ಯಾವ ನಂಬರ್ ಇರಬೇಕು ಅನ್ನೋದನ್ನು ಮೊದಲು ಕೂತು ಯೋಚಿಸಿ.

ಎಲ್ಲರೂ ಹೇಳಿದ್ದು ಒಂದೇ: ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯ ಪ್ರತಿ ವಿದ್ಯಾರ್ಥಿಗೂ ಕೊಡುವ ನಂಬರ್ ಇದೆಯಲ್ಲ, ಅದನ್ನೇ ಹಾಕಿ. ನಮ್ಮ ಕಾಲೇಜು ಸೇರಿದ್ದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು ಶುರುವಾದದ್ದು 1998ರಲ್ಲಿ. ಅದರ ಯುಎಸ್‌ಎನ್‌ನಲ್ಲಿ ಹತ್ತು ಅಕ್ಷರ: ಮೊದಲು ಪ್ರಾಂತ್ಯದ ಅಂಕಿ (ನಮ್ಮದು 4), ಆಮೇಲೆ ಕಾಲೇಜಿನ ಎರಡಕ್ಷರ, ವರ್ಷದ ಎರಡಂಕಿ, ಬ್ರಾಂಚಿನ ಎರಡಕ್ಷರ, ಕೊನೆಗೆ ಮೂರಂಕಿ. ನೋಡೋಕೆ ಚೆನ್ನಾಗಿದೆ. ಆದರೆ ಕ್ಲಾಸು ಶುರುವಾಗಿ ಎಷ್ಟೋ ದಿನ ಆದಮೇಲೆ ಅದು ಕೈಗೆ ಬರುತ್ತಿತ್ತು. ಲೈಬ್ರರಿ ಅಲ್ಲಿಯ ತನಕ ಕಾಯೋದಿಲ್ಲ, ಮೆಸ್ಸಂತೂ ಮೊದಲೇ ಇಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವವರಿಗೆ 400ರಿಂದ ಶುರುವಾಗುವ ನಂಬರು, ಅದೂ ತಡ.

ಇನ್ನೊಂದು ತೊಂದರೆ ಅಳತೆಯದು. ಕಾರ್ಡು ಎಟಿಎಂ ಕಾರ್ಡಿನ ಸೈಜಿನದೇ: 85.60 ಮಿಲಿಮೀಟರ್ ಉದ್ದ, 53.98 ಅಗಲ. ಕೊರಳಿಗೆ ಹಾಕೋದರಿಂದ ನಿಲುವಾಗಿ ಡಿಸೈನ್ ಮಾಡಬೇಕು, ಅಂದರೆ ಬಾರ್‌ಕೋಡಿಗೆ ಸಿಗೋದು ಅಗಲ ಮಾತ್ರ. ಅಕ್ಷರ, ಅಂಕಿ ಎರಡನ್ನೂ ಹಿಡಿಸುವ, ಫಾಂಟ್ ಹಾಕಿಕೊಂಡರೆ ಸಾಕು ಅನ್ನುವಷ್ಟು ಸುಲಭದ ಕೋಡ್ ಅಂದರೆ ಆಗ ಕೋಡ್ 39. ಅದರಲ್ಲಿ ಒಂದೊಂದು ಅಕ್ಷರಕ್ಕೂ ಒಂಬತ್ತು ಗೆರೆ ಮತ್ತು ಸಂದಿ, ಅದರಲ್ಲಿ ಮೂರು ದಪ್ಪ. ಮೊದಲಿಗೆ ಕೊನೆಗೆ ಒಂದೊಂದು ನಕ್ಷತ್ರ ಚಿಹ್ನೆ ಬೇರೆ. ಕಾರ್ಡ್ ಪ್ರಿಂಟರ್ ಇಂಚಿಗೆ 300 ಚುಕ್ಕೆಯದು, ತೆಳು ಗೆರೆಗೆ 3 ಚುಕ್ಕೆ ಅಂದರೆ ಸುಮಾರು ಕಾಲು ಮಿಲಿಮೀಟರ್. ಲೆಕ್ಕ ಹಾಕಿದರೆ ಯುಎಸ್‌ಎನ್‌ಗೆ 48 ಮಿಲಿಮೀಟರ್ ದಾಟುತ್ತದೆ. ಎರಡು ಕಡೆ ಮೂರು ಮಿಲಿಮೀಟರ್ ಖಾಲಿ ಜಾಗ ಕೂಡ ಉಳಿಯೋದಿಲ್ಲ. ಆ ಖಾಲಿ ಜಾಗ ಇಲ್ಲದಿದ್ದರೆ ಸ್ಕ್ಯಾನರಿಗೆ ಕೋಡ್ ಎಲ್ಲಿ ಶುರು ಅಂತಲೇ ಗೊತ್ತಾಗೋದಿಲ್ಲ, ಮೇಲೆ ಕಾರ್ಡ್ ಹೋಲ್ಡರಿನ ಅಂಚು ಅಲ್ಲೇ ಬಂದು ಕೂರುತ್ತದೆ.

ಹಾಗಾಗಿ ನಮ್ಮದೇ ಒಂದು ನಂಬರ್ ಮಾಡಿಕೊಂಡೆವು. ಎಂಟಂಕಿ. ಮೊದಲೆರಡು ಕಾಲೇಜಿಗೆ ಸೇರಿದ ವರ್ಷ, ಮುಂದಿನ ನಾಲ್ಕು ಸುಮ್ನೆ ಸಾಲು ನಂಬರು, ಏಳನೆಯದು ಇದು ಎಷ್ಟನೇ ಕಾರ್ಡು ಅಂತ, ಕೊನೆಯದು ತಾಳೆ ನೋಡುವ ಅಂಕಿ. ಬ್ರಾಂಚೂ ಇಲ್ಲ, ಕೋಟಾನೂ ಇಲ್ಲ. ಬಾರ್‌ಕೋಡು ಸುಮಾರು 40 ಮಿಲಿಮೀಟರಿನಲ್ಲಿ ಆರಾಮಾಗಿ ಕೂತಿತು. ಯುಎಸ್‌ಎನ್ ಬಂದಮೇಲೆ ಅದು ಡೇಟಾಬೇಸಿನಲ್ಲಿ ಇನ್ನೊಂದು ಕಾಲಂ, ಅಷ್ಟೆ. ಕಾರ್ಡನ್ನು ಮುಟ್ಟೋ ಹಾಗೇ ಇಲ್ಲ.

ಕೊನೆಯ ಅಂಕಿಗೆ ಕ್ರೆಡಿಟ್ ಕಾರ್ಡಿನವರು ಬಳಸುವ ಲುನ್ ಲೆಕ್ಕವನ್ನೇ ತೆಗೆದುಕೊಂಡೆವು. ಒಂದು ಬಿಟ್ಟು ಒಂದು ಅಂಕಿಯನ್ನು ಎರಡರಷ್ಟು ಮಾಡಿ, ಒಂಬತ್ತು ದಾಟಿದರೆ ಒಂಬತ್ತು ಕಳೆದು, ಎಲ್ಲ ಕೂಡಿದರೆ ಮೊತ್ತ ಹತ್ತರಿಂದ ಭಾಗ ಆಗಬೇಕು. ಸ್ಕ್ಯಾನರ್ ಓದದೇ ಇದ್ದಾಗ ಲೈಬ್ರರಿ ಅಟೆಂಡರ್ ಕೈಯಲ್ಲೇ ಹೊಡೆಯುತ್ತಾರೆ, ಆಗ ಒಂದಂಕಿ ತಪ್ಪಿದರೂ ಕಂಪ್ಯೂಟರ್ ಒಪ್ಪೋದಿಲ್ಲ. "ಸರ್, ಇದು ಕುಯ್ ಅಂತಾನೇ ಇಲ್ಲ" ಅಂತ ಅವರು ಕೂಗಿದರೆ ಏನೋ ಆಗಿದೆ ಅಂತ ಲೆಕ್ಕ. ಸ್ಕ್ಯಾನರು ಕೀಬೋರ್ಡಿಗೂ ಸಿಪಿಯುಗೂ ನಡುವೆ ಸಿಕ್ಕಿಸುವಂಥದ್ದು. ಓದಿದ್ದನ್ನು ಯಾರೋ ಟೈಪ್ ಮಾಡಿದ ಹಾಗೆ ಕಳಿಸಿ ಎಂಟರ್ ಒತ್ತುತ್ತದೆ, ಆದ್ದರಿಂದ ವಿಷುಯಲ್ ಬೇಸಿಕ್ 6ರಲ್ಲಿ ನಾವು ಬರೆದ ಪ್ರೋಗ್ರಾಮಿಗೆ ಸ್ಕ್ಯಾನರಿಗೆಂದು ಒಂದು ಸಾಲೂ ಬೇಕಾಗಲಿಲ್ಲ.

ಫೋಟೋ ತೆಗೆದದ್ದು ಸೋನಿ ಮಾವಿಕಾದಲ್ಲಿ, ಫ್ಲಾಪಿ ಹಾಕುವ ಕ್ಯಾಮೆರಾ. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಫ್ಲಾಪಿ ತುಂಬಿದ ಕೂಡಲೇ ಒಬ್ಬರು ಓಡಿಹೋಗಿ ಕಂಪ್ಯೂಟರಿಗೆ ಹಾಕಿ ಖಾಲಿ ಮಾಡಿ ತರಬೇಕು. ಯಾವ ಫೋಟೋ ಯಾರದ್ದು ಅಂತ ಕ್ಯೂ ನೋಡಿ ನಂಬೋಕಾಗೋದಿಲ್ಲ, ಒಬ್ಬ ನೀರು ಕುಡಿಯೋಕೆ ಹೋದರೆ ಅವನ ಹಿಂದಿನವರೆಲ್ಲ ಒಂದು ಮನೆ ಜರುಗುತ್ತಾರೆ. ಅದಕ್ಕೆ ಮಕ್ಕಳ ಸ್ಲೇಟು ತಂದು, ಸೀಮೆಸುಣ್ಣದಲ್ಲಿ ನಂಬರ್ ಬರೆದು, ಗದ್ದದ ಕೆಳಗೆ ಹಿಡಿಸಿ ಫೋಟೋ ತೆಗೆದೆವು. ಸ್ಟೇಷನ್‌ನಲ್ಲಿ ತೆಗೀತಾರಲ್ಲ ಹಾಗಿದೆ ಅಂತ ಹುಡುಗರು ರೇಗಿಸಿದರು. ಕತ್ತರಿಸುವಾಗ ಸ್ಲೇಟು ಹೋಗುತ್ತದೆ, ಮೂಲ ಫೈಲಿನಲ್ಲಿ ಸಾಕ್ಷಿಗೆ ಇರುತ್ತದೆ.

ಪ್ರಿಂಟಿಂಗ್ ಬಗ್ಗೆ ಒಂದೇ ಮಾತು. ರಿಬ್ಬನ್ನಿನಲ್ಲಿ ಹಳದಿ, ಮೆಜೆಂಟಾ, ನೀಲಿ ಆದಮೇಲೆ ಕಪ್ಪಿಗೇ ಒಂದು ಪಟ್ಟಿ ಇರುತ್ತದೆ. ಬಾರ್‌ಕೋಡ್ ಆ ಕಪ್ಪಿನಲ್ಲೇ ಬೀಳಬೇಕು. ಮೂರು ಬಣ್ಣ ಸೇರಿಸಿದ ಕಪ್ಪು ಕಣ್ಣಿಗೆ ಕಪ್ಪೇ, ಗೆರೆಯ ಅಂಚು ಮಾತ್ರ ಮಸುಕು. ಇನ್‌ಫ್ರಾರೆಡ್ ರೀಡರಿಗಂತೂ ಅದು ಕಾಣಿಸೋದೇ ಇಲ್ಲ.

ಬಾರ್‌ಕೋಡಿನ ದೊಡ್ಡ ದೌರ್ಬಲ್ಯ ಜೆರಾಕ್ಸ್. ವಿಟಿಯುದಲ್ಲಿ 85 ಪರ್ಸೆಂಟ್ ಹಾಜರಾತಿ ಬೇಕು, ಲ್ಯಾಬಿನ ಬಾಗಿಲಲ್ಲಿ ಸ್ಕ್ಯಾನರ್ ಇಟ್ಟರೆ ಏನಾಗುತ್ತದೆ ಹೇಳಿ? ಗೆಳೆಯನ ಕೋಡಿನ ಜೆರಾಕ್ಸ್ ಪರ್ಸಿನಲ್ಲಿ. ಅದಕ್ಕೇ ಹಾಜರಾತಿಗೆ ಕಾರ್ಡ್ ಬೇಡ, ಮೇಷ್ಟ್ರು ಹೆಸರು ಕೂಗಲಿ ಅಂತ ನಾವು ಮೊದಲೇ ಹಟ ಹಿಡಿದಿದ್ದೆವು. ಕಾರ್ಡು ಉಜ್ಜಿದ ತಕ್ಷಣ ದೊಡ್ಡ ಫೋಟೋ ಪರದೆ ಮೇಲೆ ಬರುವ ಹಾಗೆ ಮಾಡಿದ್ದು ಲೈಬ್ರರಿ ಮತ್ತು ಮೆಸ್ಸಿನಲ್ಲಿ, ಅಲ್ಲಿ ನೋಡುವ ಕಣ್ಣು ಒಂದಿರುತ್ತದೆ.

ಮೆಸ್ಸಿಗೆ ಆಮೇಲೆ ಹಿಂಬದಿಗೆ ಮ್ಯಾಗ್ನೆಟಿಕ್ ಪಟ್ಟಿ ಹಾಕಿಸಿದೆವು. ಅಮೆರಿಕದ ಕ್ಯಾಂಪಸ್‌ಗಳಲ್ಲಿ ಇದು ಹಳೇ ವಿಷಯ, ಡ್ಯೂಕ್ ವಿಶ್ವವಿದ್ಯಾಲಯದಂಥ ಕಡೆ 1980ರ ದಶಕದಲ್ಲೇ ಊಟದ ಲೆಕ್ಕಕ್ಕೆ ಇಂಥ ಕಾರ್ಡು ಬಂದಿತ್ತು. ಆದರೆ ಅಲ್ಲಿ ಬಹಳ ಕಡೆ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರನ್ನೇ ವಿದ್ಯಾರ್ಥಿ ನಂಬರ್ ಮಾಡಿಕೊಂಡು ಕೂತಿದ್ದರು. ಆ ನಂಬರ್ ಸಿಕ್ಕರೆ ಇನ್ನೊಬ್ಬರ ಹೆಸರಲ್ಲಿ ಸಾಲ ಎತ್ತಬಹುದು ಅಂತಾದಮೇಲೆ, ಸರಿಯಾಗಿ ನಾವು ಕಾರ್ಡ್ ಮಾಡುತ್ತಿದ್ದ ಹೊತ್ತಿನಲ್ಲೇ, ಅದನ್ನು ಕಿತ್ತು ಬೇರೆ ನಂಬರ್ ಕೊಡುವ ಒದ್ದಾಟದಲ್ಲಿದ್ದರು. ಅಲ್ಲಿಗೆ ಎಂಎಸ್ ಮಾಡೋಕೆ ಹೋದ ನಮ್ಮ ಹುಡುಗರಿಗೆ ಹೊಸ ನಂಬರಿನ ಕಾರ್ಡು ಸಿಕ್ಕಿತು.

ಮ್ಯಾಗ್ನೆಟಿಕ್ ಪಟ್ಟಿಯಲ್ಲೂ ನಮ್ಮ ಎಂಟಂಕಿ ಕೆಲಸಕ್ಕೆ ಬಂತು. ಪಟ್ಟಿಯ ಉದ್ದಕ್ಕೂ ಟ್ರ್ಯಾಕ್ ಅನ್ನುವ ಸಾಲುಗಳಿರುತ್ತವೆ. ಅಗ್ಗದ ರೀಡರುಗಳು ಓದೋದು ಎರಡನೇ ಟ್ರ್ಯಾಕ್ ಮಾತ್ರ, ಅದರಲ್ಲಿ 40 ಜಾಗ ಇದ್ದರೂ ಅಕ್ಷರಕ್ಕೆ ಜಾಗವಿಲ್ಲ, ಬರೀ ಅಂಕಿ. ಯುಎಸ್‌ಎನ್ ಅಲ್ಲಿ ಹೋಗೋದೇ ಇಲ್ಲ! ಪಟ್ಟಿ ಕೊಳ್ಳುವಾಗ 2750 ಓರ್ಸ್ಟೆಡ್‌ನದ್ದೇ (ಪಟ್ಟಿ ಅಳಿಸೋಕೆ ಎಷ್ಟು ಕಾಂತಶಕ್ತಿ ಬೇಕು ಅನ್ನೋ ಅಳತೆ) ಕೇಳಿ ತರಿಸಿದೆವು. 300ರದ್ದು ಅಗ್ಗ, ಆದರೆ ಪರ್ಸಿನ ಮ್ಯಾಗ್ನೆಟ್ ಗುಂಡಿಗೇ ಅಳಿಸಿಹೋಗುತ್ತದೆ.

ಕಾರ್ಡಿನಲ್ಲಿ ದುಡ್ಡು ಇಡಲಿಲ್ಲ. ದುಡ್ಡಿನ ಲೆಕ್ಕ ಡೇಟಾಬೇಸಿನಲ್ಲಿ. ಊಟದ ಹೊತ್ತಿಗೇ ಕರೆಂಟ್ ಹೋಗುವ ಕಾಲ ಅದು, ಸರ್ವರ್ ಸಿಗದಿದ್ದರೆ ಹುಡುಗರು ತಟ್ಟೆ ಬಡಿಯುತ್ತಾರೆ. ಮೆಸ್ಸಿನ ಪಿಸಿಗೆ ಯುಪಿಎಸ್ ಕೊಟ್ಟು, ರಾತ್ರಿ ಹೊತ್ತು ಹೆಸರಿನ ಪಟ್ಟಿ, ಬ್ಲಾಕ್ ಆದ ಕಾರ್ಡಿನ ಪಟ್ಟಿ ಎರಡನ್ನೂ ಅದಕ್ಕೇ ಕಾಪಿ ಮಾಡಿ ಇಡುತ್ತಿದ್ದೆವು.

ಆಮೇಲೆ ಮೈಫೇರ್ ಬಂತು, ಮುಟ್ಟಿಸಿದರೆ ಸಾಕು ಅನ್ನುವ ಚಿಪ್ ಕಾರ್ಡು. ಡೆಮೊ ಕೊಡಲು ಬಂದವರು ಚಿಪ್ಪಿನೊಳಗೆ 16 ಸೆಕ್ಟರು ಅಂದರೆ ಖಾನೆ, ಒಂದೊಂದಕ್ಕೂ ಎರಡು ಕೀ ಅಂದರೆ ಗುಟ್ಟಿನ ನಂಬರು ಅಂತ ವಿವರಿಸಿದರು. ಒಳಗೆ ನೋಡಿದರೆ ಅವರ ಡೆಮೊ ರೀಡರ್ ಓದುತ್ತಿದ್ದದ್ದು ಕಾರ್ಖಾನೆಯಲ್ಲಿ ಬರೆದ ಸೀರಿಯಲ್ ನಂಬರ್ ಮಾತ್ರ, ಅದಕ್ಕೆ ಯಾವ ಕೀಯೂ ಬೇಡ. 2008ರಲ್ಲಿ ನೆದರ್‌ಲ್ಯಾಂಡ್ಸಿನ ನೈಮೇಹನ್ ವಿಶ್ವವಿದ್ಯಾಲಯದವರು ಮೈಫೇರ್ ಕ್ಲಾಸಿಕ್‌ನ ಗುಟ್ಟನ್ನೇ ಬಿಡಿಸಿ ತೋರಿಸಿದಾಗ ನಮಗೆ ಕಳೆದುಕೊಳ್ಳೋಕೆ ಏನೂ ಇರಲಿಲ್ಲ, ನಮ್ಮ ಕಾರ್ಡಿನ ಚಿಪ್ಪಿನಲ್ಲಿ ನಾವು ಬರೆದಿದ್ದದ್ದು ಅದೇ ಎಂಟಂಕಿ.

ಏಳನೇ ಅಂಕಿ ಮಾತ್ರ ಜಾಸ್ತಿ ದುಡಿಯಿತು. ಕಾರ್ಡ್ ಕಳೆದರೆ ಹಳೆಯದು ಬ್ಲಾಕ್, ಹೊಸದಕ್ಕೆ ಒಂದು ಹೆಚ್ಚು, ಲೈಬ್ರರಿ ಬಾಕಿ ಮೆಸ್ ಬಾಕಿ ಎಲ್ಲ ಆರಂಕಿಯ ಹಿಂದೆಯೇ ಬರುತ್ತದೆ. ಒಂಬತ್ತು ದಾಟಿದರೆ ಏನು ಮಾಡ್ತೀರಿ ಅಂತ ಪ್ರಿನ್ಸಿಪಾಲರು ಕೇಳಿದ್ದರು. ಅಷ್ಟು ಸಲ ಕಳೆದವನಿಗೆ ಟಿಸಿ ಕೊಟ್ಟುಬಿಡೋಣ ಸರ್ ಅಂದೆ.