ಉಪ್ಪಿನ ಪ್ಯಾಕೆಟ್ಟು, ಬೆನ್ನುನೋವಿನ ಮಾತ್ರೆ, ನನ್ನ ಕಿಡ್ನಿ

ಬೆಂಗಳೂರಿನ ಶ್ರೀನಗರದಲ್ಲಿ ನಂದೊಂದು ಸಣ್ಣ ಟೈಲರಿಂಗ್ ಅಂಗಡಿ. ಬ್ಲೌಸು, ಫಾಲ್ಸು, ಜಿಗ್‌ಜಾಗು, ಸೀರೆ ಕುಚ್ಚು. 24 ವರ್ಷದಿಂದ ಇದೇ ಕೆಲಸ. ಗೌರಿ ಹಬ್ಬವೋ ಮದುವೆ ಸೀಸನ್ನೋ ಬಂತೆಂದರೆ ಬೆಳಿಗ್ಗೆ ಒಂಬತ್ತೂವರೆಗೆ ಮಿಷನ್ ಮುಂದೆ ಕೂತವಳು ರಾತ್ರಿ ಒಂಬತ್ತಕ್ಕೇ ಏಳುವುದು.

2023ರ ಮಾರ್ಚ್‌ನಲ್ಲಿ, ವಿಶ್ವ ಕಿಡ್ನಿ ದಿನದ ವಾರ, ಹತ್ತಿರದ ಕಲ್ಯಾಣ ಮಂಟಪದಲ್ಲಿ ಉಚಿತ ತಪಾಸಣೆ ಇಟ್ಟಿದ್ದರು. ಅತ್ತೆಯ ಶುಗರ್ ನೋಡಿಸೋಣ ಅಂತ ಕರೆದುಕೊಂಡು ಹೋಗಿದ್ದೆ. "ನೀವೂ ತೋರಿಸ್ಕೊಂಡು ಹೋಗಿ ಅಮ್ಮಾ" ಅಂದರು ಸಿಸ್ಟರ್. ಅತ್ತೆಯ ಶುಗರ್ ಸರಿಯಾಗಿತ್ತು. ನನ್ನ ಬಿಪಿ 158/96. ಮೂತ್ರದಲ್ಲಿ ಅದ್ದಿದ ಪಟ್ಟಿಯ ಬಣ್ಣ ಬದಲಾಯಿತು, ಪ್ರೋಟೀನ್ ಹೋಗುತ್ತಿದೆ ಅಂದರು. ನನಗಾಗ 51. ತಲೆನೋವಿಲ್ಲ, ಕಾಲು ಊತವಿಲ್ಲ, ಸುಸ್ತೂ ಇರಲಿಲ್ಲ.

ಅದೇ ವಾರ ರಕ್ತ ಪರೀಕ್ಷೆ ಮಾಡಿಸಿದೆ. ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, 1.3. ರಿಪೋರ್ಟಿನ ಪಕ್ಕದಲ್ಲೇ 1.1ರವರೆಗೆ ನಾರ್ಮಲ್ ಅಂತ ಅಚ್ಚಾಗಿತ್ತು. ಬರೀ 0.2 ತಾನೇ ಹೆಚ್ಚು ಅಂದುಕೊಂಡೆ. ಡಾಕ್ಟರು ಹಾಗೆ ನೋಡಲಿಲ್ಲ. ನನ್ನ ವಯಸ್ಸು ಸೇರಿಸಿ ಲೆಕ್ಕ ಹಾಕಿದರೆ ಕಿಡ್ನಿ ಸೋಸುವ ವೇಗ, ಅವರು ಇಜಿಎಫ್‌ಆರ್ ಅನ್ನುತ್ತಾರೆ, 50ರ ಹತ್ತಿರ ಬಂತು. 90ರ ಮೇಲಿದ್ದರೆ ಚೆನ್ನ, 60ಕ್ಕಿಂತ ಕಡಿಮೆ ಮೂರು ತಿಂಗಳು ಹಾಗೇ ಇದ್ದರೆ ಅದು ಕಾಯಿಲೆ. ಮೂತ್ರದಲ್ಲಿ ಸೋರಿಹೋಗುವ ಪ್ರೋಟೀನ್, ಆಲ್ಬುಮಿನ್, 30ರೊಳಗೆ ಇರಬೇಕಿತ್ತು, ನನ್ನದು 210. ಕ್ರಿಯಾಟಿನಿನ್ ಮಾಡಿಸಿದವರು ಇಜಿಎಫ್‌ಆರ್ ಎಷ್ಟು ಅಂತ ಕೇಳಿಯೇ ಕೇಳಿ. ಸಣ್ಣ ಮೈಯ ಹೆಂಗಸರಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿದರೂ ಒಳಗೆ ಬಹಳ ಇಳಿದಿರಬಹುದು.

ಡಾಕ್ಟರು ಬಿಪಿ ಮಾತ್ರೆ ಬರೆದುಕೊಡುವುದಕ್ಕೆ ಮೊದಲು ಕಾಲು ಗಂಟೆ ನನ್ನ ದಿನಚರಿ ಕೇಳಿದರು. "ನೋವಿನ ಮಾತ್ರೆ ಏನಾದ್ರೂ ತಗೋತೀರಾ?" ಅಂದಾಗ "ಅಪರೂಪಕ್ಕೆ" ಅಂದೆ. ಮನೆಗೆ ಬಂದು ಮಿಷನ್ನಿನ ಡ್ರಾ ಎಳೆದು ನೋಡಿದೆ. ಬಾಬಿನ್ನು, ಹುಕ್ಕಿನ ಡಬ್ಬಿಗಳ ಮಧ್ಯೆ ಡೈಕ್ಲೋಫೆನಾಕಿನ ಏಳು ಖಾಲಿ ಸ್ಟ್ರಿಪ್. ಬೆನ್ನು ಹಿಡಿದಾಗಲೆಲ್ಲ ರಸ್ತೆ ಕೊನೆಯ ಮೆಡಿಕಲ್ ಶಾಪಿನಿಂದ ಹುಡುಗಿಯನ್ನು ಕಳಿಸಿ ತರಿಸುತ್ತಿದ್ದೆ. ಚೀಟಿ ಯಾರೂ ಕೇಳಿದ್ದಿಲ್ಲ. ವಾರಕ್ಕೆ ನಾಲ್ಕೈದು ದಿನ, ಹಬ್ಬದ ಮುಂಚೆ ದಿನಕ್ಕೆರಡು. ಅವನ್ನೆಲ್ಲ ಒಂದು ಕವರಿಗೆ ಹಾಕಿ ಮುಂದಿನ ಸಲ ಡಾಕ್ಟರ ಮೇಜಿನ ಮೇಲಿಟ್ಟೆ.

ಅವರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳು, ಎರಡೂ ಸೇರಿ ದಿನಕ್ಕೆ 180 ಲೀಟರಿನಷ್ಟು ಸೋಸುತ್ತವೆ. ರಕ್ತ ಒಳಗೆ ಬರುವ ಸಣ್ಣ ನಾಳವನ್ನು ಅಗಲವಾಗಿ ಇಟ್ಟುಕೊಳ್ಳಲು ದೇಹದಲ್ಲೇ ಒಂದು ರಾಸಾಯನಿಕ ತಯಾರಾಗುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ನೋವನ್ನು ಅಡಗಿಸುವಾಗ ಆ ರಾಸಾಯನಿಕವನ್ನೂ ತಡೆಯುತ್ತವೆ. ನಾಳ ಬಿಗಿಯಾಗಿ ಕಿಡ್ನಿಗೆ ರಕ್ತ ಕಡಿಮೆಯಾಗುತ್ತದೆ. ಮೈಯಲ್ಲಿ ನೀರು ಸಾಕಷ್ಟಿದ್ದವರು ಒಂದೆರಡು ಮಾತ್ರೆ ತಡೆದುಕೊಂಡಾರು. ನೀರೇ ಕುಡಿಯದವರಿಗೆ ಅದು ಎರಡು ಕಡೆಯಿಂದ ಹೊಡೆತ.

ನಾನು ನೀರು ಕುಡಿಯುತ್ತಿರಲಿಲ್ಲ. ಬಾಯಾರಿಕೆ ಇಲ್ಲದೆ ಅಲ್ಲ. ಅಂಗಡಿಗೆ ಟಾಯ್ಲೆಟ್ ಇಲ್ಲ. ಹತ್ತಕ್ಕೆ ಒಂದು ಲೋಟ ಕಾಫಿ, ನಾಲ್ಕಕ್ಕೆ ಒಂದು ಟೀ, ಮಧ್ಯೆ ಗಂಟಲು ಒದ್ದೆ ಮಾಡಿಕೊಳ್ಳಲು ಎರಡು ಗುಟುಕು. ವರ್ಷಕ್ಕೆ ಎರಡು ಸಲವಾದರೂ ಉರಿಮೂತ್ರ, ಜ್ವರ. ನಮ್ಮ ಬೆಂಗಳೂರಿನಲ್ಲಿ ಅಂಗಡಿ ಇಟ್ಟಿರೋ, ತರಕಾರಿ ಮಾರೋ, ಗಾರ್ಮೆಂಟ್ಸಿಗೆ ಹೋಗೋ ಎಷ್ಟು ಹೆಂಗಸರು ಹೀಗೆ ಬಾಯಿ ಕಟ್ಟಿಕೊಂಡು ದಿನ ದೂಡುತ್ತಾರೆ! ಇದನ್ನು ಅವರವರ ಅಜಾಗ್ರತೆ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಮಾಲೀಕರ ಮನೆಯ ಹಿಂದೆ ಮಹಡಿ ಮೆಟ್ಟಿಲ ಕೆಳಗೆ ಒಂದು ಹಳೇ ಟಾಯ್ಲೆಟ್ ಬೀಗ ಹಾಕಿಕೊಂಡು ಬಿದ್ದಿತ್ತು. ಹೋಗಿ ಕೇಳಿದೆ, ನಾಚಿಕೆ ಬಿಟ್ಟು ಕಾಯಿಲೆ ಹೀಗೆ ಅಂತ ಹೇಳಿದೆ. ತೊಳೆಯುವವರಿಗೆ ತಿಂಗಳಿಗೆ 200 ರೂಪಾಯಿ ನಾನು ಕೊಡುವುದು, ಬೀಗದ ಕೈ ನನ್ನ ಹತ್ತಿರ ಇರುವುದು ಅಂತ ಆಯಿತು. ಹದಿನೈದು ನಿಮಿಷದ ಮಾತು, ಇಷ್ಟು ವರ್ಷ ಆಡಿರಲಿಲ್ಲ. ಈಗ ಒಂದು ಲೀಟರಿನ ಸ್ಟೀಲ್ ಬಾಟಲಿ ಮಧ್ಯಾಹ್ನದೊಳಗೆ ಒಂದು ಸಲ, ಸಂಜೆಯೊಳಗೆ ಇನ್ನೊಂದು ಸಲ ಖಾಲಿಯಾಗಬೇಕು. ಮೂತ್ರ ತಿಳಿ ಹಳದಿ ಇದ್ದರೆ ಸಾಕು. ದಿನಕ್ಕೆ ಐದಾರು ಲೀಟರ್ ಕುಡಿದು ಕಿಡ್ನಿ ತೊಳೆಯಿರಿ ಅನ್ನುವ ವಾಟ್ಸಾಪ್ ಮೆಸೇಜು ನನಗೂ ಬರುತ್ತವೆ. ಕಿಡ್ನಿ ತೀರಾ ಸೋತವರಿಗೆ, ಹೃದಯದ ತೊಂದರೆ ಇರುವವರಿಗೆ ಅಷ್ಟು ನೀರು ಅಪಾಯ. ಅಳತೆ ಡಾಕ್ಟರೇ ಹೇಳಬೇಕು.

ಬೆನ್ನಿಗೆ ಕುರ್ಚಿ ಬದಲಾಯಿಸಿದೆ, ಮಿಷನ್ ಟೇಬಲ್ಲಿನ ಕೆಳಗೆ ಎರಡಿಂಚಿನ ಮರದ ತುಂಡು ಕೊಡಿಸಿ ಎತ್ತರ ಮಾಡಿಸಿದೆ. ಒಂದು ಬ್ಲೌಸ್ ಮುಗಿದರೆ ಎದ್ದು ನಿಲ್ಲುತ್ತೇನೆ. ಫಿಸಿಯೋಥೆರಪಿಯವರು ಹೇಳಿಕೊಟ್ಟ ನಾಲ್ಕು ವ್ಯಾಯಾಮ, ರಾತ್ರಿ ಬಿಸಿನೀರಿನ ಬ್ಯಾಗು. ತಡೆಯಲಾಗದಿದ್ದರೆ ಡಾಕ್ಟರು ಹೇಳಿದಷ್ಟೇ ಪ್ಯಾರಸಿಟಮಾಲ್. ಮೊದಲ ತಿಂಗಳು ನಿಜವಾಗಿ ಕಷ್ಟಪಟ್ಟೆ, ಬಂದ ಆರ್ಡರುಗಳನ್ನು ವಾಪಸ್ ಕಳಿಸಿದೆ.

ಉಪ್ಪಿನದ್ದು ಮಾತ್ರ ದೊಡ್ಡ ಕಥೆ. "ಉಪ್ಪು ಕಡಿಮೆ ಮಾಡಿ" ಅಂದಾಗ "ನಮ್ಮನೇಲಿ ಮೊದಲೇ ಕಡಿಮೆ ಸಾರ್" ಅಂದಿದ್ದೆ. ಆದರೆ ಬಟ್ಟೆಯನ್ನು ಟೇಪು ಹಿಡಿಯದೆ ಕತ್ತರಿಸುವವಳಲ್ಲ ನಾನು. ಹೊಸ ಒಂದು ಕೆಜಿ ಪ್ಯಾಕೆಟ್ ಒಡೆದ ದಿನ ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, 'ಉ' ಅಂತ ಬರೆದೆ. 22ನೇ ದಿನಕ್ಕೆ ಪ್ಯಾಕೆಟ್ ಮುಗಿಯಿತು. ಮನೆಯಲ್ಲಿ ನಾಲ್ಕು ಜನ. ಭಾಗಿಸಿ ನೋಡಿ, ಒಬ್ಬೊಬ್ಬರಿಗೆ ದಿನಕ್ಕೆ 11 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದ ಒಳಗೆ. ಅಂಗಡಿಯಿಂದ ತಂದ ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಬನ್ನು ಇದಕ್ಕೆ ಸೇರೇ ಇಲ್ಲ.

ಅನ್ನಕ್ಕೆ ಉಪ್ಪು ಹಾಕುವುದು ಮೊದಲು ನಿಂತಿತು. ಆಮೇಲೆ ಚಪಾತಿ ಹಿಟ್ಟಿಗೆ. ಊಟಕ್ಕೆ ಕೂರುವಾಗ ಉಪ್ಪಿನ ಬಟ್ಟಲು ಒಳಗೇ ಉಳಿಯಿತು. ಸಾರಿಗೆ ಕೊನೆಯಲ್ಲಿ ಚಮಚದಲ್ಲಿ ಅಳೆದೇ ಹಾಕುವುದು, ಕೊರತೆಯನ್ನು ನಿಂಬೆಹಣ್ಣು, ಮೆಣಸು ಜೀರಿಗೆ, ಕೊತ್ತಂಬರಿಯಿಂದ ತುಂಬುವುದು. ಅತ್ತೆ ಎರಡು ವಾರ ಮುನಿಸಿಕೊಂಡಿದ್ದರು. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ದೊಡ್ಡೋರು ಸುಮ್ನೆ ಹೇಳಿದಾರೇನಮ್ಮಾ?" ಅಂದರು. ಅವರ ತಟ್ಟೆಗೆ ಬೇರೆ ಮಾಡಿ ಹಾಕಲಿಲ್ಲ. ಒಂದೇ ಮನೆಯಲ್ಲಿ ಎರಡು ಅಡುಗೆ ಶುರುವಾದರೆ ಕಾಯಿಲೆಯವರ ಪಥ್ಯ ಹತ್ತು ದಿನವೂ ನಿಲ್ಲುವುದಿಲ್ಲ. ಎರಡು ತಿಂಗಳಾದ ಮೇಲೆ ಒಂದು ಮದುವೆ ಊಟದಲ್ಲಿ ಅವರೇ "ಸಾರು ಉಪ್ಪೋ ಉಪ್ಪು" ಅಂತ ಪಕ್ಕಕ್ಕೆ ತಳ್ಳಿದರು. ನಾಲಿಗೆ ಪಳಗುತ್ತದೆ. ಈಗಿನ ಪ್ಯಾಕೆಟ್ 46 ದಿನ ಬರುತ್ತದೆ.

ಮಗ ಪ್ರೀತಿಯಿಂದ 'ಲೋ ಸೋಡಿಯಂ' ಉಪ್ಪು ತಂದಿದ್ದ. ಡಾಕ್ಟರು ಬೇಡ ಅಂದರು. ಒಂದಷ್ಟು ಸೋಡಿಯಂ ಬದಲು ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಕುಂದಿದವರಲ್ಲಿ, ನನಗೆ ಕೊಟ್ಟ ಟೆಲ್ಮಿಸಾರ್ಟಾನ್ ಥರದ ಬಿಪಿ ಮಾತ್ರೆ ನುಂಗುವವರಲ್ಲಿ, ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಗಿರಾಕಿಯೊಬ್ಬರು ಕ್ರಿಯಾಟಿನಿನ್ ಇಳಿಸುವ ಪುಡಿ ಅಂತ ಹೆಸರಿಲ್ಲದ ಪೊಟ್ಟಣವನ್ನೂ ತಂದುಕೊಟ್ಟರು. ಒಳಗೇನಿದೆ ಅಂತ ಬರೆಯದ ಯಾವುದನ್ನೂ ನುಂಗುವುದಿಲ್ಲ ಅಂತ ಕೈಮುಗಿದು ವಾಪಸ್ ಕೊಟ್ಟೆ.

ಮೂರು ತಿಂಗಳ ನಂತರ ಕ್ರಿಯಾಟಿನಿನ್ 1.1, ಇಜಿಎಫ್‌ಆರ್ 61. ವರ್ಷ ತುಂಬುವಾಗ ಬಿಪಿ 130/80ರ ಒಳಗೆ, ಆಲ್ಬುಮಿನ್ 60. ಗುಣವಾಯಿತು ಅನ್ನಲಾರೆ. ಆಲ್ಬುಮಿನ್ ಇನ್ನೂ 30ರೊಳಗೆ ಬಂದಿಲ್ಲ, ಬಿಪಿ ಮಾತ್ರೆ ನಿಲ್ಲಿಸುವ ಹಾಗಿಲ್ಲ, ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ಪರೀಕ್ಷೆ ಇದ್ದೇ ಇದೆ. ಖರ್ಚಿಗೆ ಹೆದರಿ ಸುಮ್ಮನಿರುವವರಿಗೆ ಒಂದು ಮಾತು: ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆ ಇದೆ, ಕಿಡ್ನಿಗೆಂದೇ ಇರುವ ಆಸ್ಪತ್ರೆ.

ಅಂಗಡಿಯಲ್ಲಿ ಹೊಸದಾಗಿ ಹುಕ್ಸು ಹಾಕಲು ಬರುವ ಹುಡುಗಿಗೆ 19 ವರ್ಷ. ಬಂದ ಮೊದಲ ವಾರ ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ, ಕೇಳಿದರೆ "ಬೇಡಕ್ಕ" ಅನ್ನುತ್ತಿದ್ದಳು. ಬೇಡ ಅಂದರೆ ಏನು ಅಂತ ನನಗೆ ಗೊತ್ತು. ಟಾಯ್ಲೆಟ್ಟಿನ ಬೀಗದ ಕೈಯನ್ನು ನನ್ನ ಪರ್ಸಿನಿಂದ ತೆಗೆದು ಕತ್ತರಿ ನೇತುಹಾಕುವ ಮೊಳೆಗೆ ಸಿಕ್ಕಿಸಿದೆ. ಈಗ ಅವಳು ನನ್ನನ್ನು ಕೇಳದೆಯೇ ತೆಗೆದುಕೊಂಡು ಹೋಗುತ್ತಾಳೆ.