ಗೋ-ತೋಬಾ ಚಕ್ರವರ್ತಿಯ ಜೀವನವನ್ನು ಕನ್ನಡದಲ್ಲಿ ಬರೆದ ಬಗೆ

ಜಪಾನಿನ 82ನೆಯ ಚಕ್ರವರ್ತಿ ಗೋ-ತೋಬಾ ಪಟ್ಟದಲ್ಲಿದ್ದುದು 1183ರಿಂದ 1198ರವರೆಗೆ. ಅವನ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ತೊಡಗಿದಾಗ ನನ್ನನ್ನು ಮೊದಲು ಕಾಡಿದ್ದು ಈ ಹದಿನೈದು ವರ್ಷಗಳೇ. ಪಟ್ಟಕ್ಕೆ ಬಂದಾಗ ಅವನಿಗೆ ಮೂರು ವರ್ಷ ತುಂಬಿತ್ತು, ಇಳಿದಾಗ ಹದಿನೇಳು. ಈ ಅವಧಿಯ ಮೊದಲರ್ಧದಲ್ಲಿ ಅಧಿಕಾರ ಅವನ ಅಜ್ಜ, ನಿವೃತ್ತ ಚಕ್ರವರ್ತಿ ಗೋ-ಶಿರಾಕಾವಾನ ಕೈಯಲ್ಲಿತ್ತು. 1192ರಲ್ಲಿ ಅಜ್ಜ ತೀರಿಕೊಂಡ ಮೇಲೆ ಆಸ್ಥಾನದ ಹಿರಿಯರು ಆಡಳಿತ ನಡೆಸಿದರು. ಅದೇ ವರ್ಷ ಪೂರ್ವದ ಕಮಾಕುರಾದಲ್ಲಿ ಮಿನಾಮೊತೊ ನೊ ಯೊರಿತೊಮೊ ಶೋಗುನ್, ಎಂದರೆ ಯೋಧರ ಸರ್ಕಾರದ ಮುಖ್ಯಸ್ಥನ, ಪದವಿಗೇರಿದ. ‘ಆಳ್ವಿಕೆ’ ಎಂಬ ಶೀರ್ಷಿಕೆಯ ಕೆಳಗೆ ಹಾಕಲು ಬಾಲಕನ ಸ್ವಂತ ಕೆಲಸವೆಂದು ಹೇಳಬಹುದಾದದ್ದು ಏನೂ ಇರಲಿಲ್ಲ. ಆದ್ದರಿಂದ ಆ ಹದಿನೈದು ವರ್ಷಗಳನ್ನು ಎರಡು ಪುಟಗಳಲ್ಲಿ ಮುಗಿಸಿ, ಪಟ್ಟ ಬಿಟ್ಟ ನಂತರದ ನಲವತ್ತೊಂದು ವರ್ಷಗಳಿಗೆ ಉಳಿದ ಜಾಗವನ್ನೆಲ್ಲ ಕೊಡಲು ನಿರ್ಧರಿಸಿದೆ.

ಈ ನಿರ್ಧಾರಕ್ಕೆ ಕನ್ನಡದ ಓದುಗರನ್ನು ಒಪ್ಪಿಸುವುದು ಅಷ್ಟು ಸುಲಭವಾಗಿರಲಿಲ್ಲ. ಪಟ್ಟ ಬಿಟ್ಟ ಅರಸನೆಂದರೆ ನಮ್ಮ ಪುರಾಣ, ಕಾವ್ಯಗಳ ಪ್ರಕಾರ ಮಗನಿಗೆ ರಾಜ್ಯವನ್ನು ಒಪ್ಪಿಸಿ ಕಾಡಿಗೋ ತಪಸ್ಸಿಗೋ ಹೋದವನು. ಹನ್ನೆರಡನೆಯ ಶತಮಾನದ ಜಪಾನಿನಲ್ಲಿ ನಡೆಯುತ್ತಿದ್ದುದು ಬಹುಮಟ್ಟಿಗೆ ಇದರ ವಿರುದ್ಧ. ಸಿಂಹಾಸನದ ಮೇಲೆ ಕುಳಿತವನ ದಿನವೆಲ್ಲ ವಿಧಿಗಳಲ್ಲೇ ಕಳೆದುಹೋಗುತ್ತಿತ್ತು. ಅದರಿಂದ ಇಳಿದವನಿಗೆ ತನ್ನದೇ ಕಚೇರಿ, ತನ್ನದೇ ಜಹಗೀರುಗಳು, ತನ್ನದೇ ಕಾವಲು ಪಡೆ, ಮನಬಂದಲ್ಲಿಗೆ ಹೋಗಿಬರುವ ಸ್ವಾತಂತ್ರ್ಯ ಎಲ್ಲವೂ ಸಿಗುತ್ತಿದ್ದವು. ‘ಇನ್ಸೆಯಿ’ ಎಂದು ಕರೆಯುವ ಈ ನಿವೃತ್ತರ ಆಡಳಿತವನ್ನು ವಿವರಿಸದೆ ಗೋ-ತೋಬಾನನ್ನು ಪರಿಚಯಿಸಿದರೆ, ಹದಿನೇಳರಲ್ಲಿ ಹಿರಿಯ ಮಗ ತ್ಸುಚಿಮಿಕಾದೊಗೆ ಪಟ್ಟ ಕಟ್ಟಿದ್ದು ವೈರಾಗ್ಯದಂತೆ ಕಾಣುತ್ತದೆ. ನಿಜವಾಗಿ ಅವನ ಅಧಿಕಾರ ಶುರುವಾದದ್ದೇ ಆಗ. ಹಾಗಾಗಿ ನನ್ನ ಮೊದಲ ಅಧ್ಯಾಯದಲ್ಲಿ ಜನನ, ವಂಶಾವಳಿಗಳಿಗಿಂತ ಮೊದಲು ಈ ವ್ಯವಸ್ಥೆಯನ್ನೇ ಇಟ್ಟೆ.

ಓಸಾಕಾದಲ್ಲಿ ಉದ್ಯೋಗದಲ್ಲಿದ್ದ ವರ್ಷಗಳಲ್ಲಿ ಕಲಿತ ಜಪಾನಿ ಭಾಷೆ ಈ ಕೆಲಸಕ್ಕೆ ಬಂತು. ಆದರೆ ಅಂದಿನ ದಿನಚರಿಗಳು ಚೀನೀ ಬರವಣಿಗೆಯ ರೀತಿಯಲ್ಲಿರುವುದರಿಂದ ಅವುಗಳನ್ನು ಇಂದಿನ ಜಪಾನಿಯ ರೂಪಾಂತರಗಳ ನೆರವಿನಿಂದಲೇ ಓದಿಕೊಂಡೆ. ಮೇಜಿನ ಮೇಲೆ ಸದಾ ಇದ್ದವು ಮೂರು: ಕವಿ ಫುಜಿವಾರಾ ನೊ ತೆಯಿಕಾನ ದಿನಚರಿ ‘ಮೆಯಿಗೆತ್ಸುಕಿ’, ಬೌದ್ಧರ ತೆಂದಾಯಿ ಪಂಥದ ಮಠಾಧಿಪತಿ ಜಿಯೆನ್ ಬರೆದ ‘ಗುಕಾನ್‌ಶೋ’ ಮತ್ತು ಕಮಾಕುರಾ ಪಕ್ಷದ ಇತಿಹಾಸ ‘ಅಜುಮಾ ಕಾಗಾಮಿ’. ಮೊದಲನೆಯವನು ಚಕ್ರವರ್ತಿಯ ಊಳಿಗದಲ್ಲಿದ್ದು ಗೊಣಗಿದವನು, ಎರಡನೆಯವನು ಸ್ನೇಹದಿಂದಲೇ ಎಚ್ಚರಿಸಿದವನು, ಮೂರನೆಯದು 1221ರ ಯುದ್ಧದಲ್ಲಿ ಅವನನ್ನು ಗೆದ್ದವರ ಮನೆಯ ಲೆಕ್ಕಪುಸ್ತಕ. ಒಂದೇ ಘಟನೆಯನ್ನು ಮೂವರೂ ಹೇಳಿದ್ದರೆ ಮೂರನ್ನೂ ಪಕ್ಕಪಕ್ಕದಲ್ಲಿ ಬರೆದುಕೊಂಡು, ಹೇಳಿದ್ದರಿಂದ ಯಾರಿಗೆ ಏನು ಲಾಭ ಎಂದು ನೋಡಿದ ಮೇಲೆಯೇ ನನ್ನ ವಾಕ್ಯವನ್ನು ಬರೆಯುವ ಪದ್ಧತಿಯನ್ನು ಇಟ್ಟುಕೊಂಡೆ.

ಕಾಲಗಣನೆಯ ವಿಷಯದಲ್ಲಿ ಮಾತ್ರ ಕನ್ನಡದವನಾಗಿದ್ದುದು ಅನುಕೂಲವಾಯಿತು. ಅಂದಿನ ಜಪಾನಿನ ಪಂಚಾಂಗ ಚಾಂದ್ರಮಾನದ್ದು. ಅದರಲ್ಲಿ ಅಧಿಕ ಮಾಸವಿದೆ, ಅರವತ್ತು ವರ್ಷಗಳ ಆವರ್ತವಿದೆ. ಶಾಸನಗಳ ಶಕವರ್ಷ, ಸಂವತ್ಸರಗಳನ್ನು ಇಂದಿನ ತಾರೀಕಿಗೆ ತಂದು ಅಭ್ಯಾಸವಿದ್ದವರಿಗೆ ಇದು ಹೊಸದೆನಿಸುವುದಿಲ್ಲ. ವ್ಯತ್ಯಾಸವಿರುವುದು ವರ್ಷದ ಹೆಸರಿನಲ್ಲಿ: ಆಸ್ಥಾನವು ಆಗಾಗ ಹೊಸ ಶಕೆಯನ್ನು ಘೋಷಿಸುತ್ತಿತ್ತು ಮತ್ತು ಯಾವ ಶಕೆಯಲ್ಲಿ ತಾರೀಕು ಹಾಕುತ್ತೀರಿ ಎಂಬುದರ ಮೇಲೆ ನೀವು ಯಾರ ಕಡೆಯವರೆಂಬುದು ತಿಳಿದುಬಿಡುತ್ತಿತ್ತು. 1184ರಲ್ಲಿ ಕ್ಯೋಟೊ ‘ಗೆನ್ರ್ಯಾಕು’ ಶಕೆಯನ್ನು ಆರಂಭಿಸಿದರೆ, ಪಶ್ಚಿಮಕ್ಕೆ ಓಡಿಹೋಗಿದ್ದ, ಮಿನಾಮೊತೊಗಳ ಎದುರಾಳಿ ಯೋಧರಾದ ತಾಯಿರಾ ಮನೆತನದವರು ಹಳೆಯ ‘ಜುಯೆಯಿ’ಯನ್ನೇ ಬಳಸುತ್ತಿದ್ದರು. ಆದ್ದರಿಂದ ಘಟನೆಗಳ ಪಟ್ಟಿಯಲ್ಲಿ ಇಸವಿಯ ಪಕ್ಕದಲ್ಲಿ ಮೂಲದ ಶಕೆಗೂ ಒಂದು ಕಂಬಸಾಲನ್ನು ಇಟ್ಟೆ. ವಯಸ್ಸನ್ನಂತೂ ಎಲ್ಲ ಕಡೆಯೂ ತುಂಬಿದ ವರ್ಷಗಳಲ್ಲೇ ಕೊಟ್ಟೆ. ಹುಟ್ಟಿದ ಕೂಡಲೇ ಒಂದು ಎಂದು ಎಣಿಸುವ ಅವರ ಲೆಕ್ಕದಲ್ಲಿ ಅರವತ್ತಕ್ಕೆ ತೀರಿಕೊಂಡ ಗೋ-ತೋಬಾನಿಗೆ ನಮ್ಮ ಲೆಕ್ಕದಲ್ಲಿ ಐವತ್ತೆಂಟು.

ಪಟ್ಟಾಭಿಷೇಕದ ಪ್ರಕರಣವನ್ನು ಚಿಕ್ಕದಾಗಿ ಬರೆದರೂ ಒಂದು ಸಂಗತಿಯನ್ನು ಬಿಡುವಂತಿರಲಿಲ್ಲ. 1183ರಲ್ಲಿ ತಾಯಿರಾ ಮನೆತನದವರು ಕ್ಯೋಟೊವನ್ನು ತೊರೆಯುವಾಗ ಬಾಲ ಚಕ್ರವರ್ತಿ ಅಂತೋಕುವನ್ನೂ ಕನ್ನಡಿ, ಮಣಿ, ಖಡ್ಗಗಳೆಂಬ ಮೂರು ರಾಜಚಿಹ್ನೆಗಳನ್ನೂ ಜೊತೆಯಲ್ಲೇ ಒಯ್ದರು. ಅಂತೋಕುವಿನ ತಮ್ಮನಾದ ಗೋ-ತೋಬಾನಿಗೆ ಆ ಚಿಹ್ನೆಗಳಿಲ್ಲದೆ, ಅಜ್ಜನ ಆಜ್ಞೆಯ ಬಲದಿಂದ ಪಟ್ಟ ಕಟ್ಟಲಾಯಿತು. 1185ರ ದಾನ್‌ನೊಉರಾ ಕಡಲ ಕದನದಲ್ಲಿ ಅಂತೋಕು ಮುಳುಗಿದ. ಕನ್ನಡಿ, ಮಣಿಗಳು ಮರಳಿದವು, ಖಡ್ಗ ಸಿಗಲೇ ಇಲ್ಲ. ಇನ್ನು ಮುಂದೆ ಚಕ್ರವರ್ತಿಯನ್ನು ಯೋಧರೇ ಕಾಯುವುದರಿಂದ ಖಡ್ಗ ಮರೆಯಾಯಿತೆಂದು ಜಿಯೆನ್ ಸಮಾಧಾನದ ಅರ್ಥ ಹೇಳಿದ. ಗೋ-ತೋಬಾ ಹಾಗೆ ತಿಳಿದುಕೊಂಡಂತೆ ಕಾಣುವುದಿಲ್ಲ. ಮುಂದೆ ಅವನು ಹೆಸರಾಂತ ಕಮ್ಮಾರರನ್ನು ತಿಂಗಳ ಸರದಿಯಂತೆ ಅರಮನೆಗೆ ಕರೆಸಿ, ತಾನೂ ಅಲಗುಗಳಿಗೆ ಹದ ಹಾಕುತ್ತಿದ್ದನೆಂದು ಸಂಪ್ರದಾಯ ಹೇಳುತ್ತದೆ. ಅವನದೆಂದು ಹೇಳುವ ಸೇವಂತಿಗೆ ಗುರುತಿನ ಕತ್ತಿಗಳು ಇಂದಿಗೂ ಇವೆ. ಕಳೆದುಹೋದ ಖಡ್ಗವೇ ಈ ಹವ್ಯಾಸಕ್ಕೆ ಕಾರಣವೆಂದು ಬರೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಅಂಥ ಮಾತನ್ನು ಅವನೆಲ್ಲೂ ಬರೆದಿಟ್ಟಿಲ್ಲವಾದ್ದರಿಂದ ಎರಡು ಸಂಗತಿಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿಟ್ಟು ಸುಮ್ಮನಾದೆ.

ನನ್ನ ಬರಹದ ಅತ್ಯಂತ ಉದ್ದದ ಭಾಗ ಗೋ-ತೋಬಾ ಮತ್ತು ತೆಯಿಕಾರ ಸಂಬಂಧದ್ದು. ಅವನ ಸ್ವಭಾವವನ್ನು ಹತ್ತಿರದಿಂದ ತೋರಿಸುವ ಸಾಮಗ್ರಿ ಬೇರೆಲ್ಲೂ ಇಷ್ಟು ಸಿಗುವುದಿಲ್ಲ. 1201ರ ಚಳಿಗಾಲದ ಆರಂಭದಲ್ಲಿ ಇಪ್ಪತ್ತೊಂದರ ಗೋ-ತೋಬಾ ದಕ್ಷಿಣದ ಬೆಟ್ಟಗಳಲ್ಲಿರುವ ಕುಮಾನೊ ದೇವಾಲಯಗಳ ಯಾತ್ರೆಗೆ ಹೊರಟಾಗ, ಅವನಿಗಿಂತ ಹದಿನೆಂಟು ವರ್ಷ ದೊಡ್ಡವನಾದ, ಆರೋಗ್ಯವೂ ಅಷ್ಟಕ್ಕಷ್ಟೇ ಆಗಿದ್ದ ತೆಯಿಕಾ ಪರಿವಾರದಲ್ಲಿದ್ದ. ದಿನವಿಡೀ ಬೆಟ್ಟ ಹತ್ತಿಳಿದು, ಇಳಿದಲ್ಲಿ ಕವಿಗೋಷ್ಠಿಗೆ ಹಾಜರಾಗಿ, ಕೆಟ್ಟ ವಸತಿಯಲ್ಲಿ ರಾತ್ರಿ ಕಳೆದ ಬಗೆಯನ್ನು ಅವನು ಬರೆದುಕೊಂಡಿದ್ದಾನೆ. ಆ ಯಾತ್ರೆಯನ್ನು ಗೋ-ತೋಬಾ ತನ್ನ ಜೀವನದಲ್ಲಿ ಸುಮಾರು 28 ಬಾರಿ ಮಾಡಿದ. ಈಜು, ಬಿಲ್ಲು, ಕುದುರೆ, ಕಾಲ್ಚೆಂಡು, ವೀಣೆಯಂಥ ಬಿವಾ ವಾದನ, ಕಾವ್ಯ ಯಾವುದನ್ನೇ ಹಿಡಿದರೂ ತಾನೂ ದಣಿಯದೆ, ಸುತ್ತಲಿನವರನ್ನೂ ಕೂರಗೊಡದೆ ಮಾಡಿಸುತ್ತಿದ್ದ ಮನುಷ್ಯ ಅವನು.

ಅದೇ 1201ರಲ್ಲಿ ಅವನು ಕಾವ್ಯ ಕಚೇರಿಯನ್ನು ಮತ್ತೆ ತೆರೆದು, ಆರು ಕವಿಗಳಿಗೆ ‘ಶಿನ್‌ಕೊಕಿನ್‌ಶೂ’ ಸಂಕಲನದ ಕೆಲಸವನ್ನು ಒಪ್ಪಿಸಿದ. ಜಪಾನಿ ಕಾವ್ಯದ ಶಿಖರಗಳಲ್ಲೊಂದೆಂದು ಇಂದು ಎಣಿಸುವ ಈ ಗ್ರಂಥದಲ್ಲಿ ಸುಮಾರು 1,980 ಪದ್ಯಗಳಿವೆ. ಹಿಂದಿನ ಚಕ್ರವರ್ತಿಗಳಂತೆ ಆಜ್ಞೆ ಮಾಡಿ ಸುಮ್ಮನಿರದೆ ಅವನು ತಾನೇ ಆಯ್ದ, ತೆಗೆದ, ಸೇರಿಸಿದ, ಮತ್ತೆ ತೆಗೆದ. 1205ರಲ್ಲಿ, ಮೊದಲ ರಾಜಾಜ್ಞೆಯ ಸಂಕಲನಕ್ಕೆ ಮುನ್ನೂರು ವರ್ಷ ತುಂಬಿದ ನೆನಪಿಗೆ, ಜಪಾನಿ ಮುನ್ನುಡಿ ಇನ್ನೂ ಸಿದ್ಧವಾಗದಿದ್ದರೂ ಮುಕ್ತಾಯದ ಔತಣವನ್ನು ನಡೆಸಿಬಿಟ್ಟ. ತೆಯಿಕಾ ಅದಕ್ಕೆ ಹೋಗಲಿಲ್ಲ. ತಿದ್ದುಪಡಿ ನಂತರವೂ ವರ್ಷಗಟ್ಟಲೆ ಮುಂದುವರಿಯಿತು. ಕ್ಯೋಟೊ ಮತ್ತು ಓಸಾಕಾಗಳ ನಡುವೆ, ಮೂರು ನದಿಗಳು ಸೇರಿ ಯೋದೊ ಆಗುವ ಸ್ಥಳದ ಹತ್ತಿರ ಅವನ ಮೆಚ್ಚಿನ ಮಿನಾಸೆ ಅರಮನೆಯಿತ್ತು. ಬೆಟ್ಟದ ಬುಡಕ್ಕೆ ಮಂಜು ಕವಿದ ಮಿನಾಸೆಯ ವಸಂತದ ಸಂಜೆಯನ್ನು ಕಂಡು, ಸಂಜೆಯ ಸೊಬಗು ಶರತ್ಕಾಲದ್ದೆಂದು ಅದೇಕೆ ಅಂದುಕೊಂಡಿದ್ದೆನೋ ಎಂದು ಕೇಳುವ ಅವನ ಪದ್ಯ ಈ ಸಂಕಲನದಲ್ಲೇ ಇದೆ. ಹಳೆಯ ಕವಿಸಮಯವನ್ನು ಕಣ್ಣೆದುರಿನ ನೋಟದಿಂದ ತಳ್ಳಿಹಾಕುವ ಈ ಠೀವಿಯೇ ರಾಜಕಾರಣದಲ್ಲೂ ಅವನನ್ನು ನಡೆಸಿತೆಂದು ನನಗೆ ತೋರುತ್ತದೆ.

ಮೆಚ್ಚಿದ್ದು ಸಿಟ್ಟಿಗೆ ತಿರುಗಲು ಅವನಲ್ಲಿ ಹೆಚ್ಚು ಕಾಲ ಬೇಕಾಗುತ್ತಿರಲಿಲ್ಲ. ತೆಯಿಕಾನ ಮನೆಯಂಗಳದ ವಿಲೋ ಮರಗಳನ್ನು ಒಮ್ಮೆ ಅವನು ಕೀಳಿಸಿ ಸಾಗಿಸಿಕೊಂಡಿದ್ದ. 1220ರಲ್ಲಿ ಅರಮನೆಯ ಗೋಷ್ಠಿಯೊಂದಕ್ಕೆ ತೆಯಿಕಾ ಒಪ್ಪಿಸಿದ ಪದ್ಯದಲ್ಲಿ ವಿಲೋ ಮರವೊಂದು ಬಂತು. ಗೋ-ತೋಬಾ ಕೆರಳಿ ಅವನಿಗೆ ಆಸ್ಥಾನದ ಗೋಷ್ಠಿಗಳನ್ನೇ ನಿಷೇಧಿಸಿದ. ಹೀಗೆ ಮರುವರ್ಷ ಯುದ್ಧ ಬಂದಾಗ ತೆಯಿಕಾ ತನಗರಿಯದೆಯೇ ಸುರಕ್ಷಿತ ದೂರದಲ್ಲಿದ್ದ. ಇದೇ ಆತುರದ ಇನ್ನೊಂದು ಮುಖವೆಂದು 1207ರ ಪ್ರಕರಣವನ್ನೂ ಇದೇ ಅಧ್ಯಾಯದಲ್ಲಿ ಹೇಳಿದೆ: ಅವನು ಕುಮಾನೊಗೆ ಹೋಗಿದ್ದಾಗ ಅಂತಃಪುರದ ಸ್ತ್ರೀಯರು ಬೌದ್ಧ ಗುರು ಹೊನೆನ್‌ನ ಶಿಷ್ಯರ ಪ್ರಭಾವಕ್ಕೆ ಒಳಗಾಗಿ ಸನ್ಯಾಸ ತೆಗೆದುಕೊಂಡರೆಂದು ಇಬ್ಬರು ಶಿಷ್ಯರ ತಲೆ ಕಡಿಸಿ, ಹೊನೆನ್ ಮತ್ತು ಅವನ ಇನ್ನೊಬ್ಬ ಶಿಷ್ಯ ಶಿನ್‌ರಾನ್‌ರನ್ನು ಗಡೀಪಾರು ಮಾಡಲಾಯಿತು.

1221ರ ಜೋಕ್ಯೂ ಯುದ್ಧದ ಅಧ್ಯಾಯವನ್ನು ಸಂಖ್ಯೆಗಳ ಬಗ್ಗೆ ಅಳುಕಿಕೊಂಡೇ ಬರೆದೆ. ಕಾರಣಗಳು ಸ್ಪಷ್ಟವಾಗಿದ್ದವು. 1219ರಲ್ಲಿ ಮೂರನೆಯ ಶೋಗುನ್ ಸಾನೆತೊಮೊ ಕಮಾಕುರಾದಲ್ಲಿ ಅಣ್ಣನ ಮಗನಿಂದಲೇ ಕೊಲೆಯಾದ. ಮುಂದಿನ ಶೋಗುನ್ ಆಗಿ ರಾಜಕುಮಾರನೊಬ್ಬನನ್ನು ಕಳಿಸಿಕೊಡಬೇಕೆಂಬ ಬೇಡಿಕೆಯನ್ನು ಗೋ-ತೋಬಾ ಒಪ್ಪಲಿಲ್ಲ. ತನ್ನ ಪ್ರೇಯಸಿ, ನರ್ತಕಿ ಕಾಮೆಗಿಕುಗೆ ಕೊಟ್ಟಿದ್ದ ನಾಗಾಯೆ, ಕುರಾಹಾಶಿ ಜಹಗೀರುಗಳಿಂದ ಶೋಗುನ್ ಕಡೆಯ ಅಧಿಕಾರಿಗಳನ್ನು ತೆಗೆಯಬೇಕೆಂಬ ಅವನ ಬೇಡಿಕೆಯನ್ನು ಕಮಾಕುರಾದಲ್ಲಿ ಆಡಳಿತ ನಡೆಸುತ್ತಿದ್ದ ಹೋಜೊ ಯೋಶಿತೊಕಿ ಒಪ್ಪಲಿಲ್ಲ. ನರ್ತಕಿಯ ಮೋಹದಿಂದ ಯುದ್ಧವಾಯಿತೆಂದು ಗೆದ್ದವರ ಕಡೆಯ ಬರಹಗಳು ಸೂಚಿಸುತ್ತವೆ, ಆದರೆ ಎರಡು ಹಳ್ಳಿಗಳ ಅಧಿಕಾರಿಗಳನ್ನು ತೆಗೆಯುವ ಹಕ್ಕು ಯಾರಿಗಿದೆ ಎಂಬುದು ಇಡೀ ದೇಶದ ಭೂಮಿಯ ಪ್ರಶ್ನೆಯಾಗಿತ್ತು. ಐದನೆಯ ತಿಂಗಳ 15ರಂದು ಯೋಶಿತೊಕಿಯನ್ನು ದಂಡಿಸುವ ಆಜ್ಞೆ ಹೊರಟಿತು. ಸುದ್ದಿ 19ಕ್ಕೆ ಕಮಾಕುರಾ ಮುಟ್ಟಿದಾಗ ಯೊರಿತೊಮೊನ ವಿಧವೆ ಮಾಸಾಕೊ ಯೋಧರಿಗೆ ತನ್ನ ಗಂಡನ ಋಣವನ್ನು ನೆನಪಿಸಿದಳು. ಘಟ್ಟಗಳಲ್ಲಿ ಕಾಯೋಣವೆಂದವರನ್ನು ಬಿಟ್ಟು ಕೂಡಲೇ ಕ್ಯೋಟೊಗೆ ನುಗ್ಗಬೇಕೆಂದು ವಾದಿಸಿದವನು, ವಿಚಿತ್ರವೆಂದರೆ, ಆಸ್ಥಾನದಿಂದ ಬಂದ ವಿದ್ವಾಂಸ ಓಯೆ ನೊ ಹಿರೊಮೊತೊ. 22ರಂದು ಯೋಶಿತೊಕಿಯ ಮಗ ಹೋಜೊ ಯಾಸುತೊಕಿ ಹೊರಟಾಗ ಜೊತೆಗಿದ್ದವರು 18 ಸವಾರರು; ದಾರಿಯಲ್ಲಿ ಸೇರಿ ಸೇರಿ 1,90,000 ಆದರೆಂದು ‘ಅಜುಮಾ ಕಾಗಾಮಿ’ ಹೇಳುತ್ತದೆ. ಹದಿನೆಂಟನ್ನು ನಂಬಿ ಬರೆದೆ, ಲಕ್ಷದ ತೊಂಬತ್ತು ಸಾವಿರವನ್ನು ‘ಎಂದು ಗೆದ್ದವರು ಬರೆದಿದ್ದಾರೆ’ ಎಂಬ ಮಾತಿನೊಡನೆ ಕೊಟ್ಟೆ. ಆರನೆಯ ತಿಂಗಳ 14ರಂದು ಉಬ್ಬಿ ಹರಿಯುತ್ತಿದ್ದ ಉಜಿ ನದಿಯನ್ನು ದಾಟಿದ ಪೂರ್ವದ ಸೈನ್ಯ ಮರುದಿನ ಕ್ಯೋಟೊದಲ್ಲಿತ್ತು. ಆಜ್ಞೆಯಿಂದ ಸೋಲಿನವರೆಗೆ ಒಂದೇ ತಿಂಗಳು.

ಪರಿಣಾಮಗಳ ಪಟ್ಟಿ ಉದ್ದವಿದೆ: ಗೋ-ತೋಬಾ ಓಕಿ ದ್ವೀಪಕ್ಕೆ, ಮಗ ಜುಂತೋಕು ಸಾದೊ ದ್ವೀಪಕ್ಕೆ ಗಡೀಪಾರು, ಯುದ್ಧಕ್ಕೆ ಸೇರದಿದ್ದ ತ್ಸುಚಿಮಿಕಾದೊ ತಾನಾಗಿಯೇ ತೋಸಾ ಪ್ರಾಂತ್ಯಕ್ಕೆ; ಪಟ್ಟದಲ್ಲಿದ್ದ ಮೊಮ್ಮಗನನ್ನು ಇಳಿಸಿದರು, ಅವನಿಗೆ ಚೂಕ್ಯೋ ಎಂಬ ಚಕ್ರವರ್ತಿನಾಮ ಸಿಕ್ಕಿದ್ದು 1870ರಲ್ಲಿ. ಸುಮಾರು 3,000 ಜಹಗೀರುಗಳು ಗೆದ್ದವರ ಪಾಲಾದವು.

ಗಡೀಪಾರಿನ ಹದಿನೆಂಟು ವರ್ಷಗಳಿಗೆ ಆಧಾರವಾಗಿ ನಾನು ಎರಡನ್ನು ಇಟ್ಟುಕೊಂಡೆ. ಮೊದಲನೆಯದು ಅವನು ಓಕಿಯಲ್ಲಿ ಕುಳಿತು ‘ಶಿನ್‌ಕೊಕಿನ್‌ಶೂ’ದಿಂದ ಸುಮಾರು 380 ಪದ್ಯಗಳನ್ನು ತೆಗೆದುಹಾಕಿ ಸಿದ್ಧಪಡಿಸಿದ ಪಾಠ, ಇದೇ ನಿಜವಾದ ಸಂಕಲನವೆಂದು ಅವನು ಸಾರಿದ. ರಾಜ್ಯ ಹೋದರೂ ಸಂಪಾದಕತ್ವವನ್ನು ಅವನಿಂದ ಯಾರೂ ಕಸಿದುಕೊಳ್ಳಲಾಗಲಿಲ್ಲ. ಅದೇ ಹೊತ್ತಿಗೆ ಕ್ಯೋಟೊದಲ್ಲಿ ಹೊಸ ರಾಜಾಜ್ಞೆಯ ಸಂಕಲನವನ್ನು ಸಿದ್ಧಪಡಿಸುತ್ತಿದ್ದ ತೆಯಿಕಾ, ಕಮಾಕುರಾಕ್ಕೆ ಅಂಜಿದವರ ಒತ್ತಡದಿಂದ ಗೋ-ತೋಬಾನ ಪದ್ಯಗಳನ್ನು ಬಿಡಬೇಕಾಯಿತು. ಆದರೆ ತೆಯಿಕಾ ಆಯ್ದದ್ದೆಂದು ಹೇಳುವ, ನೂರು ಕವಿಗಳ ಪ್ರಸಿದ್ಧ ‘ಹ್ಯಾಕುನಿನ್ ಇಸ್ಶು’ವಿನ 99ನೆಯ ಪದ್ಯ ಗೋ-ತೋಬಾನದು, 100ನೆಯದು ಜುಂತೋಕುವಿನದು.

ಎರಡನೆಯದು 1239ರ ಎರಡನೆಯ ತಿಂಗಳ 9ರಂದು, ಸಾವಿಗೆ ಹದಿಮೂರು ದಿನ ಮೊದಲು, ಅವನು ಬರೆದ ಪತ್ರ. ಮಿನಾಸೆಯ ಭೂಮಿಯನ್ನು ನೋಡಿಕೊಂಡು ತನ್ನ ಸದ್ಗತಿಗಾಗಿ ಪ್ರಾರ್ಥಿಸಬೇಕೆಂದು ನಿಷ್ಠಾವಂತ ಊಳಿಗದವರಿಗೆ ಬರೆದ ಆ ಕಾಗದದ ಮೇಲೆ ಎರಡೂ ಅಂಗೈಗಳ ಕೆಂಪು ಅಚ್ಚುಗಳಿವೆ. ಅದನ್ನು ಚಿತ್ರದಲ್ಲೇ ನೋಡಿದೆ. ಅರಮನೆಯಿದ್ದ ಸ್ಥಳದ ಮಿನಾಸೆ ದೇಗುಲಕ್ಕೆ ಹೋದಾಗ ಕಂಡದ್ದು, ಒಳಗಿನ ಚಿಲುಮೆಯ ನೀರನ್ನು ಬಾಟಲಿಗಳಲ್ಲಿ ತುಂಬಿಕೊಳ್ಳಲು ಸರದಿ ನಿಂತ ಊರಿನ ಜನ ಮತ್ತು ಹೆಬ್ಬಾಗಿಲ ಕಂಬದ ಮೇಲೆ ಇಶಿಕಾವಾ ಗೊಯೆಮೊನ್ ಎಂಬ ಕಳ್ಳನದೆಂದು ತೋರಿಸುವ ಅಂಗೈ ಗುರುತು. ಪತ್ರದಲ್ಲಿ ನನ್ನ ಗಮನ ಸೆಳೆದದ್ದು ತಾರೀಕು. ಅದರಲ್ಲಿರುವುದು ‘ರ್ಯಾಕುನಿನ್’ ಶಕೆಯ ಎರಡನೆಯ ವರ್ಷ; ಕ್ಯೋಟೊದಲ್ಲಿ ಎರಡು ದಿನ ಮೊದಲೇ, 7ರಂದು, ಆ ಶಕೆ ಮುಗಿದು ‘ಎನ್ನೋ’ ಆರಂಭವಾಗಿತ್ತು. ಸುದ್ದಿ ದ್ವೀಪವನ್ನು ತಲುಪಿರಲಿಲ್ಲ. ಕಂಬಸಾಲು ಹಾಕಿ ಪಟ್ಟಿ ಮಾಡಿದ ಶ್ರಮಕ್ಕೆ ಇಷ್ಟು ಒಳ್ಳೆಯ ಪ್ರತಿಫಲ ಬೇರೆಲ್ಲೂ ಸಿಗಲಿಲ್ಲ.

ಸಾವಿನೊಂದಿಗೆ ಬರಹವನ್ನು ನಿಲ್ಲಿಸಬಹುದಿತ್ತು, ಆದರೆ 1242ರವರೆಗೆ ಎಳೆದೆ. ಆ ವರ್ಷ ಹನ್ನೊಂದನ್ನೂ ದಾಟಿರದ ಶಿಜೋ ಚಕ್ರವರ್ತಿ ಅರಮನೆಯಲ್ಲಿ ಜಾರಿ ಬಿದ್ದು ತೀರಿಕೊಂಡ. ಊಳಿಗದವರನ್ನು ಬೀಳಿಸಲು ತಾನೇ ನೆಲಕ್ಕೆ ಪುಡಿ ಹಾಕಿಸಿದ್ದನೆಂದು ಕತೆ. 1221ರಲ್ಲಿ ಗೆದ್ದವರು ಪಟ್ಟಕ್ಕೆ ತಂದಿದ್ದ ರಾಜಮನೆತನದ ಶಾಖೆಯೂ ಅವನೊಂದಿಗೆ ಮುಗಿಯಿತು. ಉಜಿಯನ್ನು ದಾಟಿ ಬಂದಿದ್ದ ಅದೇ ಯಾಸುತೊಕಿ, ಈಗ ತ್ಸುಚಿಮಿಕಾದೊನ ಮಗನನ್ನು, ಎಂದರೆ ಗೋ-ತೋಬಾನ ಮೊಮ್ಮಗನನ್ನು, ಗೋ-ಸಾಗಾ ಎಂಬ ಹೆಸರಿನಲ್ಲಿ ಪಟ್ಟಕ್ಕೆ ಆರಿಸಬೇಕಾಯಿತು. ಮುಂದಿನ ಚಕ್ರವರ್ತಿಗಳೆಲ್ಲ ಆ ಮೊಮ್ಮಗನ ಸಂತತಿಯವರು.