ಮರದ ಪೈಪು: ಮೊದಲು ತೂತು, ಆಮೇಲೆ ಆಕಾರ

ಮನೆಯಲ್ಲೇ ಮರಗೆಲಸ ಮಾಡುವ ಹವ್ಯಾಸ ಇರುವವರಲ್ಲಿ ಅನೇಕರಿಗೆ ಒಂದು ತಂಬಾಕಿನ ಪೈಪು ಮಾಡಿ ನೋಡುವ ಆಸೆ ಇರುತ್ತದೆ. ಬೇಕಾಗುವ ಮರ ಸ್ವಲ್ಪ, ಜಾಗವೂ ಸ್ವಲ್ಪ. ಆದರೆ ಬಹಳ ಜನ ಒಂದೇ ಕಡೆ ಎಡವುವುದನ್ನು ನೋಡಿದ್ದೇನೆ. ಮೊದಲು ಹೊರಗಿನ ಆಕಾರ ಕೆತ್ತುತ್ತಾರೆ, ಉಜ್ಜಿ ನಯ ಮಾಡುತ್ತಾರೆ, ತೂತು ಕೊರೆಯುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ದುಂಡಗಾದ ಮರ ವೈಸ್‌ನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಡ್ರಿಲ್‌ನ ಬಿಟ್ ಓರೆಯಾಗಿ, ತಂಬಾಕು ತುಂಬುವ ಬಟ್ಟಲಿನ ಪಕ್ಕದಿಂದ ಹೊರಗೆ ಬರುತ್ತದೆ. ಅಷ್ಟು ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಒಂದು ಮಾತು ಮೊದಲೇ ಹೇಳಬೇಕು. ಪೈಪಿನ ಹೊಗೆಯಿಂದಲೂ ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಸೇದದವರು ಇದನ್ನು ಓದಿ ಶುರು ಮಾಡಬೇಡಿ. ನನ್ನ ಹತ್ತಿರ ರಿಪೇರಿಗೆ ಬರುವ ಪೈಪುಗಳಲ್ಲಿ ಹೆಚ್ಚಿನವು ಸೈನ್ಯದಲ್ಲೋ ಕಾಫಿ ತೋಟದಲ್ಲೋ ಇದ್ದ ಅಜ್ಜಂದಿರವು. ಮೊಮ್ಮಕ್ಕಳು ಅವನ್ನು ಸೇದುವುದಿಲ್ಲ, ನೆನಪಿಗೆ ಶೋಕೇಸಿನಲ್ಲಿ ಇಡುತ್ತಾರೆ. ಆದರೂ ಪೈಪು ಮಾಡಿದರೆ ಸರಿಯಾಗಿ ಗಾಳಿ ಎಳೆಯುವಂತೆ ಮಾಡಬೇಕು, ರಿಪೇರಿ ಮಾಡಿದರೆ ಮೊದಲಿನಂತೆ ಕೂರುವಂತೆ ಮಾಡಬೇಕು.

ಯಾವ ಮರ?

ಬ್ರೈಯರ್. ಇದು ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಯ ಬುಡದ ಗಂಟು. ಬೇರು ಮತ್ತು ಕಾಂಡ ಸೇರುವ ಜಾಗದಲ್ಲಿ ನೆಲದೊಳಗೆ ಊದಿಕೊಂಡಿರುತ್ತದೆ. ಗಟ್ಟಿ, ಬೆಂಕಿಗೆ ಬೇಗ ಸುಡುವುದಿಲ್ಲ. ಫ್ರಾನ್ಸಿನ ಸೇಂಟ್ ಕ್ಲೋಡ್ ಊರಿನವರು 1850ರ ದಶಕದಿಂದ ಇದರಲ್ಲಿ ಪೈಪು ಮಾಡುತ್ತಾ ಬಂದಿದ್ದಾರೆ. ಗಂಟನ್ನು ಕತ್ತರಿಸಿ, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ರಸ ತೆಗೆದು, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಿದ ಮೇಲೇ ಅದು ಪೈಪಿಗೆ ಲಾಯಕ್ಕಾಗುತ್ತದೆ. ನಮ್ಮ ಕಡೆ ಈ ಗಿಡ ಇಲ್ಲ, ತುಂಡುಗಳನ್ನು ಹೊರಗಿನಿಂದ ತರಿಸಬೇಕು. ಚೆರಿ, ಪೇರ್, ಆಲಿವ್ ಮರಗಳೂ ನಡೆಯುತ್ತವೆ, ಗೋಡೆ ಸ್ವಲ್ಪ ದಪ್ಪ ಬಿಡಬೇಕು ಅಷ್ಟೇ.

ಮನೆಯಲ್ಲಿ ಉಳಿದ ಬೀಟೆಯೋ ತೇಗವೋ ಇದೆ, ಅದರಲ್ಲೇ ಮಾಡಬಹುದಲ್ವಾ ಎಂದು ಕೇಳುವವರು ತುಂಬಾ ಜನ. ಬೇಡ. ಎರಡರ ಧೂಳೂ ಹಲವರಿಗೆ ಚರ್ಮದ ತುರಿಕೆ, ಉಬ್ಬಸ ತರಿಸುತ್ತದೆ. ಅಂಥ ಮರವನ್ನು ಸುಟ್ಟು ಅದರ ಹೊಗೆ ಎಳೆಯುವುದು ಇನ್ನೂ ಕೆಟ್ಟದ್ದು. ಪೈನ್‌ನಂಥ ಅಂಟು ಸುರಿಸುವ ಮರವೂ ಬೇಡ. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರ ಕಡೆಯಲು ಬಹಳ ಚೆನ್ನ, ಆದರೆ ಮೆದು. ಬಟ್ಟಲಿಗೆ ಆಗುವುದಿಲ್ಲ.

ಗುರುತು ಹಾಕುವುದು

ಪೈಪಿನ ಭಾಗಗಳು ಮೂರು. ತಂಬಾಕು ತುಂಬುವ ಬಟ್ಟಲು, ಅದಕ್ಕೆ ಸೇರಿದ ಕತ್ತು, ಬಾಯಿಗೆ ಇಡುವ ಸ್ಟೆಮ್. ಸ್ಟೆಮ್‌ನ ತುದಿಯಲ್ಲಿ ಒಂದು ಸಣ್ಣ ಗೂಟ ಇರುತ್ತದೆ, ಅದು ಕತ್ತಿನ ಗುಳಿಯೊಳಗೆ ಕೂರುತ್ತದೆ. ಮೊದಲ ಪೈಪಿಗೆ ನೇರ ಕತ್ತಿನ ಸಾದಾ ಆಕಾರವನ್ನೇ ಆರಿಸಿಕೊಳ್ಳಿ. ಬಾಗಿದ ಕತ್ತಿನ ಆಸೆ ಈಗ ಬೇಡ.

ತುಂಡಿನ ಎರಡು ಪಕ್ಕ, ತಲೆ ಮತ್ತು ಕತ್ತಿನ ತುದಿ, ಈ ನಾಲ್ಕೂ ಮುಖಗಳು ಮೂಲೆಮಟ್ಟಕ್ಕೆ ಸರಿಯಾಗಿ ಚಪ್ಪಟೆ ಇರಬೇಕು. ಪೈಪಿನ ಪಕ್ಕದ ನೋಟವನ್ನು ನಿಜ ಅಳತೆಯಲ್ಲೇ ಕಾಗದದ ಮೇಲೆ ಬರೆದು, ಕತ್ತರಿಸಿ, ತುಂಡಿನ ಪಕ್ಕಕ್ಕೆ ಅಂಟಿಸಿ. ತಲೆಯಿಂದ ಕತ್ತಿನ ತುದಿಯವರೆಗೆ ನಡುಗೆರೆ ಎಳೆಯಿರಿ. ಎರಡೂ ತೂತುಗಳು ಈ ಗೆರೆಯ ಮೇಲೇ ಬರಬೇಕು.

ನಾನು ಬಳಸುವ ಅಳತೆ ಇದು: ಬಟ್ಟಲಿನ ತೂತು 19 ಮಿ.ಮೀ. ಅಗಲ, 38 ಮಿ.ಮೀ. ಆಳ. ಹೊಗೆದಾರಿ 4 ಮಿ.ಮೀ. ಗೂಟದ ಗುಳಿ 8 ಮಿ.ಮೀ. ಅಗಲ, 18 ಮಿ.ಮೀ. ಆಳ. ಬಟ್ಟಲಿನ ತಳದ ಕೆಳಗೆ ಕನಿಷ್ಠ 8 ಮಿ.ಮೀ. ಮರ ಉಳಿಯಬೇಕು. ಹೊಗೆದಾರಿ ಬಟ್ಟಲಿನ ಸರಿಯಾದ ತಳದಲ್ಲಿ ತೆರೆದುಕೊಳ್ಳಬೇಕು. ಅಂದರೆ ಅದರ ನಡುಬಿಂದು ತಲೆಯಿಂದ 36 ಮಿ.ಮೀ. ಕೆಳಗೆ. ಆಗ ದಾರಿಯ ಕೆಳ ಅಂಚು, ಬಟ್ಟಲಿನ ತಳ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ.

ಕೊರೆಯುವುದು

ಇಲ್ಲಿ ಅವಸರ ಮಾಡಬೇಡಿ. ಒಂದು ದಿನ ಪೂರ್ತಿ ಹೋದರೂ ಪರವಾಗಿಲ್ಲ.

ಕೈ ಡ್ರಿಲ್ ಸಾಲದು. ಸ್ಟ್ಯಾಂಡ್ ಇರುವ ಡ್ರಿಲ್ ಪ್ರೆಸ್ ಬೇಕು. ಇಲ್ಲದಿದ್ದರೆ ಮೊದಲೇ ಕೊರೆದು ಸ್ಟೆಮ್ ಕೂರಿಸಿದ ಬ್ರೈಯರ್ ತುಂಡು ಸಿಗುತ್ತದೆ, ಅದನ್ನೇ ತರಿಸಿಕೊಳ್ಳಿ. ಕೈ ಡ್ರಿಲ್‌ನಲ್ಲಿ ದುಬಾರಿ ಮರ ಹಾಳು ಮಾಡುವುದಕ್ಕಿಂತ ಅದು ಎಷ್ಟೋ ವಾಸಿ.

ಕೊರೆಯುವ ಕ್ರಮ ಹೀಗೆ: ಮೊದಲು ಗುಳಿ, ಆಮೇಲೆ ಹೊಗೆದಾರಿ, ಕೊನೆಗೆ ಬಟ್ಟಲು. ಕೆಲವರು ಸಣ್ಣ ತೂತು ಮೊದಲು ಕೊರೆದು ಅದನ್ನೇ ದೊಡ್ಡದು ಮಾಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಸಣ್ಣ ಬಿಟ್ ಎಲ್ಲಿ ಓರೆಯಾಯಿತೋ ದೊಡ್ಡ ಬಿಟ್ ಅದನ್ನೇ ಹಿಂಬಾಲಿಸುತ್ತದೆ. ಗುಳಿ ಮೊದಲು ಕೊರೆದರೆ 8 ಮಿ.ಮೀ. ಬಿಟ್ ತಳದಲ್ಲಿ ಶಂಕುವಿನ ಆಕಾರದ ತಗ್ಗು ಬಿಡುತ್ತದೆ. ಆ ತಗ್ಗಿನ ನಡುವೆ 4 ಮಿ.ಮೀ. ಬಿಟ್‌ನ ತುದಿ ತಾನಾಗಿ ಕೂರುತ್ತದೆ.

ಕತ್ತಿನ ತುದಿ ಮೇಲೆ ಬರುವಂತೆ ತುಂಡನ್ನು ವೈಸ್‌ನಲ್ಲಿ ನಿಲ್ಲಿಸಿ. ಮೂಲೆಮಟ್ಟವನ್ನು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಇಟ್ಟು ನೋಡಿ. ವೈಸ್ ಬಿಗಿ ಮಾಡಿದ ಮೇಲೆ ಮತ್ತೆ ನೋಡಿ, ಏಕೆಂದರೆ ಬಿಗಿ ಮಾಡುವಾಗ ಮರ ಸ್ವಲ್ಪ ಎದ್ದಿರುತ್ತದೆ. ಕತ್ತಿನ ತುದಿಯಿಂದ ಬಟ್ಟಲಿನ ನಡುವಿಗೆ 60 ಮಿ.ಮೀ. ದೂರ ಅಂದುಕೊಳ್ಳಿ. ಒಂದು ಡಿಗ್ರಿ ಓರೆಯಾದರೆ ಅಲ್ಲಿ ಒಂದು ಮಿ.ಮೀ. ತಪ್ಪುತ್ತದೆ. ಅಷ್ಟನ್ನು ಸಹಿಸಬಹುದು. ಮೂರು ಡಿಗ್ರಿ ಆದರೆ ತೂತು ಬಟ್ಟಲಿನ ಒಂದು ಪಕ್ಕಕ್ಕೆ ಸರಿದು, ತಂಬಾಕು ಒಂದೇ ಕಡೆ ಉರಿಯುತ್ತದೆ, ಆ ಕಡೆಯ ಗೋಡೆ ಸುಡುತ್ತದೆ.

ಉದ್ದನೆಯ ತೆಳು ಬಿಟ್ ಬಳುಕುತ್ತದೆ. ಮರದ ಎಳೆ ಗಟ್ಟಿ ಇದ್ದಲ್ಲಿ ಮೆದು ಕಡೆಗೆ ತಿರುಗಿಬಿಡುತ್ತದೆ. ಆದ್ದರಿಂದ ಗಿಡ್ಡ 4 ಮಿ.ಮೀ. ಬಿಟ್‌ನಿಂದ ಶುರು ಮಾಡಿ, ಅದು ಮುಟ್ಟುವಷ್ಟು ಆಳ ಹೋಗಿ, ಆಮೇಲೆ ಉದ್ದನೆಯದು ಹಾಕಿ. ಬಿಟ್ ಹೊಸದಿರಲಿ. ಫುಟ್‌ಪಾತಿನಲ್ಲಿ ಸೆಟ್ ಲೆಕ್ಕದಲ್ಲಿ ಮಾರುವ ಅಗ್ಗದ ಬಿಟ್‌ಗಳಲ್ಲಿ ಎಷ್ಟೋ ಮೊದಲೇ ಬಾಗಿರುತ್ತವೆ. ಗಾಜಿನ ಮೇಲೆ ಉರುಳಿಸಿ ನೋಡಿದರೆ ಗೊತ್ತಾಗುತ್ತದೆ. ನಾಲ್ಕೈದು ಮಿ.ಮೀ. ಕೊರೆದ ಕೂಡಲೇ ಬಿಟ್ ಹೊರಗೆ ತೆಗೆದು ಹೊಟ್ಟು ಉದುರಿಸಿ. ಹೊಟ್ಟು ತುಂಬಿಕೊಂಡರೆ ಬಿಟ್ ಬಿಸಿಯಾಗಿ ಮರ ಒಳಗೇ ಕರಕಲಾಗುತ್ತದೆ. ಒತ್ತಬೇಡಿ. ಒತ್ತಿದಷ್ಟೂ ಬಳುಕು ಜಾಸ್ತಿ. ಬಿಟ್‌ಗೆ ಟೇಪು ಸುತ್ತಿ ಆಳದ ಗುರುತು ಮಾಡಿಕೊಂಡು, ಬಟ್ಟಲಿನ ನಡುಗೆರೆ ತಲುಪಿದ ಕೂಡಲೇ ನಿಲ್ಲಿಸಿ.

ಈಗ ಬಟ್ಟಲು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 19 ಮಿ.ಮೀ. ಚಪ್ಪಟೆ ಸ್ಪೇಡ್ ಬಿಟ್ ಸಾಕು, ಆದರೆ ಹಾಗೇ ಬಳಸುವಂತಿಲ್ಲ. ಅದರ ನಡುವಿನ ಚೂಪು ಮೂತಿ ಬಟ್ಟಲಿನ ತಳವನ್ನು ತೂರಿಕೊಂಡು ಹೋಗುತ್ತದೆ. ಗ್ರೈಂಡರ್‌ನಲ್ಲಿ ಉಜ್ಜಿ ತುದಿಯನ್ನು ದುಂಡಗೆ ಮಾಡಿ. ಎರಡೂ ಅಂಚಿನ ಕತ್ತರಿಸುವ ಇಳಿಜಾರು ಮೊದಲಿನಂತೇ ಉಳಿಯಬೇಕು, ಎರಡು ಕಡೆಯ ಬಾಗು ಒಂದೇ ಸಮ ಇರಬೇಕು. ಮೂತಿ ಇಲ್ಲದ ಬಿಟ್ ಶುರುವಿನಲ್ಲಿ ಅಲ್ಲಾಡುವುದರಿಂದ, ಮೊದಲು 8 ಮಿ.ಮೀ. ಬಿಟ್‌ನಿಂದ ಸ್ವಲ್ಪ ಆಳದ ತಗ್ಗು ಮಾಡಿಕೊಳ್ಳಿ.

30 ಮಿ.ಮೀ. ದಾಟಿದ ಮೇಲೆ ಒಂದೊಂದೇ ಮಿ.ಮೀ. ಇಳಿಯಿರಿ. ಪ್ರತಿ ಸಲವೂ ಮಷಿನ್ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿ. ಹೊಗೆದಾರಿ ತಳದಲ್ಲಿ ಪೂರ್ತಿ ತೆರೆದು ಕಂಡ ಕ್ಷಣ ಕೆಲಸ ಮುಗಿಯಿತು. ಬಟ್ಟಲನ್ನು ಕೊನೆಗೆ ಇಟ್ಟುಕೊಳ್ಳುವುದು ಇದಕ್ಕೇ. ದಾರಿ ಒಂದು ಮಿ.ಮೀ. ಮೇಲೋ ಕೆಳಗೋ ಹೋಗಿದ್ದರೂ ಬಟ್ಟಲಿನ ಆಳವನ್ನು ಅದಕ್ಕೆ ಹೊಂದಿಸಬಹುದು. ಬಟ್ಟಲು ಮೊದಲು ಕೊರೆದರೆ ಆ ಅವಕಾಶ ಇಲ್ಲ. ದಾರಿ ತಳಕ್ಕಿಂತ ಮೇಲೆ ತೆರೆದರೆ ಅದರ ಕೆಳಗಿನ ತಂಬಾಕು ಒದ್ದೆಯಾಗಿ ಉಳಿದುಬಿಡುತ್ತದೆ. ಕೆಳಗೆ ಹೋದರೆ ತಳದಲ್ಲಿ ತೋಡು ಬಿದ್ದು ಮರ ತೆಳುವಾಗುತ್ತದೆ.

ಇದಿಷ್ಟನ್ನೂ ಮೊದಲು ಯಾವುದಾದರೂ ಅಗ್ಗದ ಮರದಲ್ಲಿ ಮಾಡಿ, ನಡುಗೆರೆಯ ಉದ್ದಕ್ಕೂ ಗರಗಸದಿಂದ ಸೀಳಿ ನೋಡಿ. ನಿಮ್ಮ ಡ್ರಿಲ್ ಪ್ರೆಸ್ ಯಾವ ಕಡೆಗೆ ಎಳೆಯುತ್ತದೆ ಎನ್ನುವುದು ಅಲ್ಲೇ ಕಾಣುತ್ತದೆ.

ಸ್ಟೆಮ್ ಕೂರಿಸುವುದು

ಅಚ್ಚಿನಲ್ಲಿ ಮಾಡಿದ ಸ್ಟೆಮ್‌ಗಳು ಸಿಗುತ್ತವೆ. ಅಕ್ರಿಲಿಕ್‌ಗಿಂತ ಎಬೊನೈಟ್ ನನಗಿಷ್ಟ, ಹಲ್ಲಿಗೆ ಮೆದುವಾಗಿರುತ್ತದೆ. ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್ ಅದು. ರಾಜಮಂಡ್ರಿಯ ರತ್ನಂ ಪೆನ್ನುಗಳನ್ನು ಮಾಡುವುದೂ ಎಬೊನೈಟಿನಲ್ಲೇ. ಲೇತ್ ಇರುವವರು ಪೆನ್ನಿಗೆ ಬಳಸುವ ರಾಡ್‌ನಿಂದ ಸ್ವಂತ ಸ್ಟೆಮ್ ಕಡೆಯಬಹುದು.

ಗೂಟ ದಪ್ಪ ಇದ್ದರೆ ಉಪ್ಪುಕಾಗದದ ಪಟ್ಟಿಯಿಂದ ಸುತ್ತಲೂ ಸಮನಾಗಿ ಉಜ್ಜಿ ಇಳಿಸಿ. ಆಗಾಗ ಹಾಕಿ ನೋಡಿ. ಒಮ್ಮೆ ಸಡಿಲವಾದರೆ ಕಷ್ಟ. ಗೂಟದ ಉದ್ದ ಗುಳಿಯ ಆಳಕ್ಕಿಂತ ಕೂದಲೆಳೆಯಷ್ಟೇ ಕಡಿಮೆ ಇರಲಿ. ಅಂತರ ಜಾಸ್ತಿಯಾದರೆ ಅಲ್ಲಿ ನೀರು ನಿಂತು, ಸೇದುವಾಗ ಗುಳುಗುಳು ಸದ್ದು ಬರುತ್ತದೆ.

ಆಕಾರ ಮತ್ತು ಪಾಲಿಶ್

ಸ್ಟೆಮ್ ಹಾಕಿಕೊಂಡೇ ಮರವನ್ನು ಅರದಿಂದ ಇಳಿಸಿ. ಗೋಡೆ 6 ಮಿ.ಮೀ.ಗಿಂತ ತೆಳು ಮಾಡಬೇಡಿ. ಆಮೇಲೆ 120, 220, 400, 600 ನಂಬರಿನ ಕಾಗದ. ಮಾಸ್ಕ್ ಹಾಕಿಕೊಳ್ಳಿ.

ಕೊನೆಗೆ ಕಾರ್ನೌಬಾ ಮೇಣ ಹಚ್ಚಿ ಬಟ್ಟೆಯ ಚಕ್ರದಲ್ಲಿ ಉಜ್ಜಿ, ಅಷ್ಟೇ ಸಾಕು. ಅದು ಕರಗಲು 80 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ಪೀಠೋಪಕರಣಕ್ಕೆ ಹೊಡೆಯುವ ವಾರ್ನಿಷ್, ಮೆಲಮೈನ್ ಯಾವುದೂ ಬೇಡ, ಬಿಸಿಗೆ ಗುಳ್ಳೆ ಎದ್ದು ಸಿಪ್ಪೆ ಬಿಡುತ್ತದೆ. ಬೊಂಬೆಯ ಅರಗೂ ಬಿಸಿಗೆ ಮೆತ್ತಗಾಗುತ್ತದೆ. ಬೂಟ್ ಪಾಲಿಶ್ ಹಚ್ಚಿ ಮಿಂಚಿಸಿದ ಪೈಪುಗಳನ್ನು ನೋಡಿದ್ದೇನೆ. ಬಾಯಿಗೆ ಇಡುವ ವಸ್ತುವಿಗೆ ಅದನ್ನು ಹಚ್ಚಲೇಬಾರದು.

ಹಳೆಯ ಪೈಪಿನ ರಿಪೇರಿ

ಬಟ್ಟಲಿನ ಒಳಗೆ ಮಸಿಯ ಪದರ ದಪ್ಪಗೆ ಕಟ್ಟಿದ್ದರೆ ಒಂದು ಮಿ.ಮೀ. ಉಳಿಸಿ ಮಿಕ್ಕಿದ್ದು ಕೆರೆದು ತೆಗೆಯಿರಿ. ದಪ್ಪ ಪದರ ಬಿಸಿಗೆ ಹಿಗ್ಗಿ ಮರವನ್ನು ಬಿರುಕು ಬಿಡಿಸುತ್ತದೆ. ಚೂಪು ಚಾಕು ಬೇಡ, ದುಂಡು ಕೋಲಿಗೆ ಉಪ್ಪುಕಾಗದ ಸುತ್ತಿ ಉಜ್ಜಿ. ಒಳದಾರಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಪೈಪ್ ಕ್ಲೀನರ್‌ನಿಂದ, ಅದು ಬಿಳಿಯಾಗೇ ಹೊರಬರುವವರೆಗೆ ತಿಕ್ಕಿ. ಪೇಂಟ್ ಅಂಗಡಿಯ ಸ್ಪಿರಿಟ್‌ನಲ್ಲಿ ಮೆಥನಾಲ್ ಇರಬಹುದು, ಅದು ವಿಷ, ಮುಟ್ಟಬೇಡಿ. ಮರದ ಮೇಲಿನ ಸಣ್ಣ ತಗ್ಗಿಗೆ ಒದ್ದೆ ಬಟ್ಟೆ ಇಟ್ಟು ಬಿಸಿ ಚಮಚ ಒತ್ತಿದರೆ ಹಬೆಗೆ ಎಳೆ ಊದಿ ಮೇಲೆ ಬರುತ್ತದೆ.

ಎಬೊನೈಟ್ ಸ್ಟೆಮ್ ಬೆಳಕಿಗೆ, ತೇವಕ್ಕೆ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿರುತ್ತದೆ. ವಾಟರ್ ಪೇಪರ್ 400ರಿಂದ 2000ದವರೆಗೆ, ನೀರು ಹಾಕಿಕೊಂಡು ಉಜ್ಜಿದರೆ ಕಪ್ಪು ಮರಳುತ್ತದೆ. ಇಲ್ಲೂ ಒಂದು ತಪ್ಪು ತುಂಬಾ ನೋಡಿದ್ದೇನೆ. ಸ್ಟೆಮ್ ಬಿಚ್ಚಿಕೊಂಡು ಉಜ್ಜಿದರೆ ಕತ್ತಿಗೆ ತಾಗುವ ಅಂಚು ದುಂಡಗಾಗಿ, ಜೋಡಿಸಿದಾಗ ಸುತ್ತ ಸಂದು ಕಾಣುತ್ತದೆ. ಗೂಟಕ್ಕೆ ಪ್ಲಾಸ್ಟಿಕ್ ವಾಷರ್ ಹಾಕಿ ಅಂಚನ್ನು ಕಾಪಾಡಿಕೊಳ್ಳಿ. ಹಲ್ಲಿನ ಗುರುತು ಇದ್ದರೆ ಬಿಸಿ ನೀರಿನಲ್ಲಿ ಇಡಿ. ಎಬೊನೈಟ್ ಬಿಸಿಯಾದರೆ ತನ್ನ ಮೊದಲಿನ ಆಕಾರಕ್ಕೆ ಮರಳಲು ನೋಡುತ್ತದೆ, ಗುರುತು ತಾನಾಗಿ ಮೇಲೇಳುತ್ತದೆ. ಬಾಗಿದ ಸ್ಟೆಮ್ ಇದೇ ಗುಣದಿಂದ ನೇರವೂ ಆಗಬಹುದು, ಹೆಚ್ಚು ಹೊತ್ತು ಬಿಡಬೇಡಿ.

ಗೂಟ ಮುರಿದು ಕತ್ತಿನಲ್ಲೇ ಉಳಿದಿದ್ದರೆ ಕೆದಕಬೇಡಿ. ಅರ್ಧ ಗಂಟೆ ಫ್ರೀಜರ್‌ನಲ್ಲಿ ಇಡಿ. ಆಮೇಲೆ ಅದರ ತೂತಿಗೆ ಒಂದು ಸ್ಕ್ರೂ ಮೆಲ್ಲಗೆ ಎರಡು ಸುತ್ತು ತಿರುಗಿಸಿ ನೇರವಾಗಿ ಎಳೆಯಿರಿ. ಹೊಸ ಗೂಟಕ್ಕೆ ಡೆಲ್ರಿನ್ ರಾಡ್ ಒಳ್ಳೆಯದು, ಎಂಜಿನಿಯರಿಂಗ್ ಪ್ಲಾಸ್ಟಿಕ್ ಮಾರುವವರಲ್ಲಿ ಸಿಗುತ್ತದೆ. ಸ್ಟೆಮ್‌ನ ಹೊಗೆದಾರಿಯನ್ನು 12 ಮಿ.ಮೀ. ಆಳಕ್ಕೆ ಹಿಗ್ಗಿಸಬೇಕು. ಮಷಿನ್ ಬೇಡ, ಬಿಟ್‌ಗಳನ್ನು ಕೈಯಲ್ಲೇ ತಿರುಗಿಸಿ, ಅರ್ಧರ್ಧ ಮಿ.ಮೀ. ಏರಿಸುತ್ತಾ ಹೋಗಿ. ಮಷಿನ್ ಎಬೊನೈಟನ್ನು ಕಚ್ಚಿಕೊಂಡು ಸೀಳಿಬಿಡುತ್ತದೆ. ಡೆಲ್ರಿನ್ ಅಂಟನ್ನು ಸುಲಭವಾಗಿ ಹಿಡಿಯುವುದಿಲ್ಲ, ಅರದಿಂದ ಚೆನ್ನಾಗಿ ಗೀರಿ ಎಪಾಕ್ಸಿ ಹಚ್ಚಿ. ಕತ್ತಿನ ಬಾಯಿಗೆ ವ್ಯಾಸಲೀನ್ ಸವರಿ, ಹೊಗೆದಾರಿಯಲ್ಲಿ ಮೇಣ ಹಚ್ಚಿದ ಪೈಪ್ ಕ್ಲೀನರ್ ತೂರಿಸಿ, ಅಂಟು ಹಸಿ ಇರುವಾಗಲೇ ಸ್ಟೆಮ್ ಅನ್ನು ಪೈಪಿಗೆ ಜೋಡಿಸಿ. ಅಂಟು ಅಲ್ಲೇ ಗಟ್ಟಿಯಾದರೆ ಎರಡೂ ತೂತು ನೇರಕ್ಕೆ ನಿಲ್ಲುತ್ತವೆ. ಮರುದಿನದವರೆಗೆ ಅಲ್ಲಾಡಿಸದೆ ಬಿಡಿ. ಅಜ್ಜನ ಪೈಪನ್ನು ಮತ್ತೆ ಯಾರಾದರೂ ಸೇದುವುದಾದರೆ ಅವರಿಗೆ ಇಷ್ಟು ಹೇಳಿ ಕೊಡಿ: ಬಟ್ಟಲು ಬಿಸಿ ಇರುವಾಗ ಸ್ಟೆಮ್ ಎಳೆಯಬಾರದು, ಹೆಚ್ಚಿನ ಗೂಟಗಳು ಮುರಿಯುವುದು ಆಗಲೇ.